ಹಿಂದಿನ ಚಕ್ರದ ಪೂಜೆ

ಆ ಮಧ್ಯಾಹ್ನ ನಾನು ಹಿತ್ತಲಿನ ನಲ್ಲಿಯ ಹತ್ತಿರ ಕೂತು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಂಬಿಗೆ ತಿಕ್ಕುತ್ತಿದ್ದೆ. ಮರುದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಅಮೆರಿಕದಲ್ಲಿ ನಾವಿರುವ ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲೆ ಅಕ್ಟೋಬರಿನ ಬಿಸಿಗಾಳಿ ಬೀಸುವಾಗ ತೊಳೆದ ಪಾತ್ರೆಯನ್ನು ಒರೆಸಬೇಕಾಗಿಲ್ಲ, ಬೋರಲು ಹಾಕುವಷ್ಟರಲ್ಲಿ ಒಣಗಿರುತ್ತದೆ. ದೇವರು ಇಂಥ ಸಣ್ಣ ಉಪಕಾರಗಳನ್ನು ಮಾಡುತ್ತಲೇ ಇರುತ್ತಾನೆ. ನಾವು ದೊಡ್ಡದನ್ನೇ ಕೇಳುತ್ತ ಕೂತು ಇವನ್ನು ಮರೆಯುತ್ತೇವೆ.

ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ತಲೆ ಹಾಕಿದರು. ಅಜ್ಜಿ ಅಮೆರಿಕದವರೇ. ಆದರೆ ಅವರ ಇಂಗ್ಲಿಷನ್ನು ನಾನಿಲ್ಲಿ ನನ್ನ ಮಾತಿನಲ್ಲೇ ಬರೆಯುತ್ತೇನೆ. ನಾನು ಧಾರವಾಡದ ಕಡೆಯವಳು. ಯಾರು ಏನೇ ಮಾತಾಡಲಿ, ನನ್ನ ಕಿವಿ ಹೊಕ್ಕ ಮೇಲೆ ಅದು ಧಾರವಾಡದ್ದೇ ಆಗಿಬಿಡುತ್ತದೆ.

“ಕೇಳಿದ್ರೇನು? ಶನಿವಾರ ಲಾಂಗ್ ಬೀಚ್ ಕಡೆ ಒಂದು ಹಳೇ ಬಾಂಬರ್ ವಿಮಾನ ಬರ್ತದಂತ. ಜನರನ್ನ ಕೂಡಿಸಿಕೊಂಡು ಒಂದು ಸುತ್ತು ಹಾರಸ್ತಾರಂತ. ಡೆಲ್ ಮಾರಿನ ಹಳೇ ಗೆಳೆಯ ಎರಡು ಸೀಟ್ ಬುಕ್ ಮಾಡ್ಯಾನ, ತನಗೊಂದು, ನಮ್ಮವರಿಗೊಂದು.”

“ಅಂಕಲ್ ಏನಂದ್ರು?”

“ಗ್ಯಾರೇಜಿನ್ಯಾಗ ಹೋಗಿ ಇದ್ದಬದ್ದ ಮೊಳೆ ಎಲ್ಲಾ ಸೈಜ್ ಪ್ರಕಾರ ಜೋಡಿಸ್ಲಿಕ್ಕತ್ತಾರ.”

ಇದು ಎಷ್ಟು ದೊಡ್ಡ ಸುದ್ದಿ ಎಂಬುದು ನನಗೆ ಗೊತ್ತಿತ್ತು. ಪಕ್ಕದ ಮನೆಯ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿಯುತ್ತಿದ್ದವರು. ಇಂಗ್ಲೆಂಡಿನಿಂದ ಹಾರಿ ಜರ್ಮನಿಯ ಮೇಲೆ ಬಾಂಬು ಹಾಕಿ ಬರುವ ಕೆಲಸ. ಒಂದು ದಿನ ಇವರು ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದರು, ಇವರ ಜಾಗದಲ್ಲಿ ಬೇರೊಬ್ಬ ಹುಡುಗ ಹೋದ. ಆವತ್ತೇ ವಿಮಾನ ಬಿತ್ತು. ಒಬ್ಬರು ಮಾತ್ರ ಪ್ಯಾರಾಶೂಟಿನಲ್ಲಿ ಇಳಿದು, ಯುದ್ಧ ಮುಗಿಯುವ ತನಕ ಶತ್ರುಗಳ ಜೈಲಿನಲ್ಲಿದ್ದು, ಈಗ ಸ್ಯಾನ್ ಡಿಯೆಗೋ ಹತ್ತಿರದ ಡೆಲ್ ಮಾರ್‌ನಲ್ಲಿ ಗಾಲ್ಫ್ ಆಡಿಕೊಂಡಿದ್ದಾರೆ. ಉಳಿದವರು ಯಾರೂ ಬರಲಿಲ್ಲ.

ಡೆಲ್ ಮಾರ್ ಅಜ್ಜ ಗಾಲ್ಫಿಗಾಗಿ ಹವಾಯಿಗೂ ಹಾರುತ್ತಾರೆ. ನಮ್ಮ ಅಜ್ಜ ಯುದ್ಧದಿಂದ ಮನೆಗೆ ಬಂದ ಮೇಲೆ ಒಮ್ಮೆಯೂ ವಿಮಾನ ಹತ್ತಿಲ್ಲ.

“ಬಿದ್ದವ ಹಾರ್ತಾನ, ಬೀಳದವ ಹಾರೂದಿಲ್ಲ,” ಎಂದು ಅಜ್ಜಿ ಆಗಾಗ ಹಣೆ ಚಚ್ಚಿಕೊಳ್ಳುತ್ತಿದ್ದರು.

ಆ ಬೇಸಿಗೆಯಲ್ಲಿ ಅವರ ಮೊಮ್ಮಗಳಿಗೆ ಬಾಸ್ಟನ್‌ನಲ್ಲಿ ಹೆಣ್ಣು ಕೂಸು ಹುಟ್ಟಿತ್ತು. ಅಜ್ಜಿಯ ಪಾಲಿಗೆ ಆ ಮರಿಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಫೋಟೋ ಮಾತ್ರ. ರೈಲಿನಲ್ಲಿ ದೇಶವಿಡೀ ದಾಟುವ ಶಕ್ತಿ ಅಜ್ಜಿಯ ಸೊಂಟಕ್ಕಿಲ್ಲ. ಅಜ್ಜನನ್ನು ಬಿಟ್ಟು ಒಬ್ಬರೇ ಹೋಗೋಣವೆಂದರೆ, ಬ್ರೆಡ್ ಸುಡಲು ಹೋಗಿ ಪರದೆ ಸುಟ್ಟ ಗಂಡ. “ಈ ಒಂದು ವಿಮಾನ ಹತ್ತಿದ್ರಂದ್ರ ಯಾವುದನ್ನಾದ್ರೂ ಹತ್ತತಾರ. ನಿಮ್ಮ ದೇವರಿಗೆ ಒಂದು ಮಾತು ಹೇಳ್ರಿ,” ಎಂದರು. ಹುಣಸೆ ಕೈಯಲ್ಲೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಡ್ರೈವ್‌ವೇಯಲ್ಲಿ ನಮ್ಮ ಕಾರಿಗೆ ಪೂಜೆ. ಬೂದಗುಂಬಳ ಸಿಗದೆ ಇಲ್ಲಿನ ಹ್ಯಾಲೋವೀನ್ ಹಬ್ಬದ ಕೆಂಪು ಕುಂಬಳಕಾಯಿಯನ್ನೇ ನಿವಾಳಿಸಿ ಒಡೆದಾಗಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆ. ಅಜ್ಜ ಪೇಪರ್ ತೆಗೆದುಕೊಳ್ಳಲು ಬಂದವರು ಅಲ್ಲೇ ನಿಂತರು. ಪ್ರತಿವರ್ಷ ನೋಡಿ ಕೈಯೆತ್ತಿ ಹೋಗುವವರು, ಈ ಸಲ ಕೇಳಿದರು.

“ಇದು ಕೆಲಸ ಮಾಡ್ತದೇನ್ರಿ?”

“ಮಾಡ್ದೆ ಏನು ಅಂಕಲ್? ಕಾರಿಗೆ ಒಂದು ಗೀರು ಬಿದ್ದಿಲ್ಲ. ನಮ್ಮವರು ಅಂಗಡಿ ಪಾರ್ಕಿಂಗಿನ್ಯಾಗ ಕಂಬಕ್ಕ ಗುದ್ದಿದ್ದೊಂದು ಬಿಟ್ರ.”

“ಆ ಕಂಬ ನಡುವ ಬಂದಿತ್ತು,” ಎಂದರು ನಮ್ಮವರು ಕಾರಿನ ಒಳಗಿನಿಂದ.

ಪೂಜೆಗೆಂದು ಕಾರಿನ ಮೇಲೆ ಇಟ್ಟಿದ್ದ ಮನೆದೇವರ ಪಟವನ್ನು ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. ನಮ್ಮ ಮನೆದೇವರು ಬಾಲದವನು, ಸಮುದ್ರ ಹಾರುತ್ತಿರುವ ಭಂಗಿ. ನಾನು ವಿವರಿಸಿದೆ: ಒಂದೇ ಜಿಗಿತಕ್ಕೆ ಕಡಲು ದಾಟಿದ, ಶತ್ರುವಿನ ಊರಿಗೆ ಬೆಂಕಿ ಇಟ್ಟ, ಸುರಕ್ಷಿತವಾಗಿ ವಾಪಸು ಬಂದ.

“ಬಾಂಬರ್,” ಎಂದರು ಅಜ್ಜ.

“ಹೌದ್ರಿ. ಬಾಲದಿಂದಲೇ ಮಾಡಿದ್ದು, ನಿಮ್ಮಂಗ.”

“ಅವನ ಜೋಡಿ ಎಷ್ಟು ಮಂದಿ ಹೋಗಿದ್ರು?”

“ಒಬ್ಬನೇ ಹೋಗಿದ್ದ.”

“ಅದೇ ಚಲೋ,” ಎಂದರು ಅಜ್ಜ.

ಆಮೇಲೆ ತಾವಾಗಿಯೇ ಹೇಳತೊಡಗಿದರು. ಅವರಲ್ಲೂ ಒಂದು ಪದ್ಧತಿ ಇತ್ತಂತೆ. ಹೊರಡುವ ಮುಂಚೆ ವಿಮಾನದ ಹತ್ತೂ ಜನ ಹಿಂದಿನ ಚಕ್ರದ ಸುತ್ತ ನಿಂತು ಅದಕ್ಕೆ ಕಾಲುಮಡಿ ಮಾಡುತ್ತಿದ್ದರಂತೆ. ಹಾಗೆಂದರೆ ನಮ್ಮ ಕಡೆ ಒಂದಕ್ಕೆ ಹೋಗುವುದು. ಹಾಗೆ ಮಾಡಿದ ದಿನವೆಲ್ಲ ವಿಮಾನ ಮರಳಿ ಬಂದಿತ್ತಂತೆ.

“ಶಿವ ಶಿವ! ಚಕ್ರಕ್ಕ?”

“ಚಕ್ರಕ್ಕ. ನೀವು ನಿಂಬೆಹಣ್ಣು ಇಡ್ತೀರಿ. ನಾವು ಇಂಗ್ಲೆಂಡಿನ್ಯಾಗ ನಿಂಬೆಹಣ್ಣು ಎಲ್ಲಿಂದ ತರೂದು?”

ಕೈಯಲ್ಲಿದ್ದ ನಿಂಬೆಹಣ್ಣನ್ನು ಚಕ್ರದ ಕೆಳಗೆ ಸರಿಸಿ ನಾನು ಕೇಳಿದೆ.

“ವಿಮಾನ ಬಿದ್ದ ದಿನ ನಿಮಗ ಏನಾಗಿತ್ತು ಅಂಕಲ್? ಜ್ವರಾನ?”

ಅಜ್ಜ ಎರಡೂ ಕೆನ್ನೆ ಉಬ್ಬಿಸಿ ತೋರಿಸಿದರು. ಮಂಗನಬಾವು! ನಾನು ಪಟದ ಕಡೆ ನೋಡಿ ಕೈಮುಗಿದೆ. ನನಗೆ ಯಾವ ಸಂಶಯವೂ ಉಳಿಯಲಿಲ್ಲ, ಇವರನ್ನು ಕೈಹಿಡಿದು ಉಳಿಸಿದವರು ಯಾರೆಂದು. ಆದರೆ ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ನನ್ನಿಂದ ಆಗಲಿಲ್ಲ. “ಶನಿವಾರ ನಾನೂ ಬರ್ತೀನ್ರಿ, ನಿಮ್ಮ ವಿಮಾನಕ್ಕ ಪೂಜೆ ಮಾಡ್ತೀನಿ,” ಎಂದುಬಿಟ್ಟೆ. ಅಜ್ಜ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಜ್ಜಿ ಕಿಟಕಿಯಿಂದಲೇ ಹೂಂ ಅಂದರು.

ಶನಿವಾರ ಬೆಳಿಗ್ಗೆ ನನ್ನ ಬುಟ್ಟಿ ನೋಡಿ ನಮ್ಮವರ ಮುಖ ಇಳಿಯಿತು.

“ಏರ್‌ಪೋರ್ಟಿಗೆ ಕೆಂಪು ಪುಡಿ, ಎಣ್ಣಿ, ಬೆಂಕಿಪೆಟ್ಟಿಗಿ! ಆ ಎರಡು ಟವರ್ ಬಿದ್ದಾಗಿನಿಂದ ನೇಲ್ ಕಟರ್ ಸುದ್ದಾ ಕಸಗೊಳ್ತಾರ. ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ನೆನಪದ ಏನು?”

ಎಣ್ಣೆ, ಬೆಂಕಿಪೆಟ್ಟಿಗೆ ಇಳಿಸಿದೆ. ನೀರು ತುಂಬಿದ ತಂಬಿಗೆ, ಅರಿಶಿನ ಕುಂಕುಮ, ನಿಂಬೆಹಣ್ಣು ಉಳಿದವು. ಅಜ್ಜ, ಅಜ್ಜಿ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಅಜ್ಜ, “ನಾ ಬರೇ ನೋಡ್ಲಿಕ್ಕೆ ಬಂದೀನಿ,” ಎನ್ನುತ್ತಿದ್ದರು. ಅಜ್ಜಿ ಚೀಲದಲ್ಲಿದ್ದ ಕೂಸಿನ ಫೋಟೋ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಲಾಂಗ್ ಬೀಚ್ ಕಡೆಯ ಆ ಸಣ್ಣ ಏರ್‌ಪೋರ್ಟಿನಲ್ಲಿ ವಿಮಾನ ನಿಂತಿತ್ತು. ನಾಲ್ಕು ಇಂಜಿನ್ನು, ತಗಡಿನ ಮೈ, ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಸಣ್ಣದು. ಮೂತಿಯ ಮೇಲೆ ಒಬ್ಬ ಹೆಣ್ಣುಮಗಳ ಚಿತ್ರ ಬರೆದಿದ್ದರು. ಅವಳ ಮೈಮೇಲೆ ಕರವಸ್ತ್ರದಷ್ಟು ಬಟ್ಟೆಯೂ ಇರಲಿಲ್ಲ.

“ಅಕಿಗೂ ಉಡಿ ತುಂಬ್ತೀಯೇನು?” ಎಂದು ನಮ್ಮವರು ಕಿವಿಯಲ್ಲಿ ಕೇಳಿದರು.

“ಅಕಿಗೆ ಮೊದಲು ಉಡಿ ಎಲ್ಲಿ ಅದರೀ?” ಎಂದೆ.

ಡೆಲ್ ಮಾರ್ ಅಜ್ಜ ಹಳೆಯ ಚರ್ಮದ ಜಾಕೆಟ್ ಹಾಕಿಕೊಂಡು ಬಂದಿದ್ದರು. ಹೊಟ್ಟೆಯ ಮೇಲೆ ಅದರ ಜಿಪ್ಪು ಕೂಡುತ್ತಿರಲಿಲ್ಲ. ಇಬ್ಬರು ಅಜ್ಜಂದಿರೂ ಒಬ್ಬರ ಭುಜಕ್ಕೊಬ್ಬರು ಗುದ್ದಿದರು. ಅದು ಅವರ ನಮಸ್ಕಾರ.

ನಾನು ಮುಂದಿನ ಚಕ್ರಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವಷ್ಟರಲ್ಲಿ ಹಳದಿ ಜಾಕೆಟಿನ ಕೆಲಸಗಾರ ಓಡಿ ಬಂದ. ವಿಮಾನ ಓಡುವ ಜಾಗದಲ್ಲಿ ಏನೂ ಬಿದ್ದಿರಬಾರದಂತೆ, ಬೀಜ ಸಿಡಿದು ಇಂಜಿನ್ನಿಗೆ ಹೋದರೆ ಕಷ್ಟವಂತೆ. ಸರಿ, ಚಕ್ರಕ್ಕೆ ಮುಟ್ಟಿಸಿ ನಿಂಬೆಹಣ್ಣು ವಾಪಸು ಬುಟ್ಟಿಗೆ ಹಾಕಿದೆ. ದೇವರು ಮುಟ್ಟಿಸಿದ್ದಕ್ಕೂ ಲೆಕ್ಕ ಹಿಡಿಯುತ್ತಾನೆ. ಹಿಂದಿನ ಚಕ್ರದ ಗೊಡವೆಗೆ ನಾನು ಹೋಗಲಿಲ್ಲ. ಅದು ಅವರ ಪದ್ಧತಿಯ ಜಾಗ.

ಇಬ್ಬರು ಅಜ್ಜಂದಿರೂ ಅಲ್ಲಿಗೇ ನಡೆದರು. ಹಳದಿ ಜಾಕೆಟಿನವನು ಅವರನ್ನು ನೋಡಿದ, ಚಕ್ರವನ್ನು ನೋಡಿದ, ಟೋಪಿ ಸರಿಮಾಡಿಕೊಂಡು ಆಚೆ ತಿರುಗಿದ. ನನ್ನ ನಿಂಬೆಹಣ್ಣಿಗೆ ಸಿಗದ ಪರ್ಮಿಶನ್ನು ಅದಕ್ಕೆ ಸಿಕ್ಕಿತು! ಅಜ್ಜಿ ತಮ್ಮ ಕೋಟನ್ನು ಪರದೆಯಂತೆ ಹಿಡಿದರು. ನಾನು ಸೆರಗಿನ ಇನ್ನೊಂದು ಪರದೆ ಮಾಡಿ ಬೆನ್ನು ತಿರುಗಿಸಿ ನಿಂತೆ.

ಎಷ್ಟು ಹೊತ್ತಾದರೂ ಸದ್ದೇ ಇಲ್ಲ.

“ಬರವಲ್ದು,” ಎಂದರು ನಮ್ಮ ಅಜ್ಜ.

“ನನಗೂ,” ಎಂದರು ಡೆಲ್ ಮಾರ್ ಅಜ್ಜ. “ಮನ್ಯಾಗ ರಾತ್ರೆಲ್ಲಾ ಬರ್ತದ, ಇಲ್ಲಿ ಬಾ ಅಂದ್ರ ಬರೂದಿಲ್ಲ.”

ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆ ಕ್ಷಣದಲ್ಲಿ ಆಗಲಿಲ್ಲ. ಮಕ್ಕಳನ್ನು ಬೆಳೆಸಿದವಳು ನಾನು, ಏನು ಮಾಡಬೇಕೆಂದು ಕೈಗೆ ತಾನಾಗಿಯೇ ಗೊತ್ತಿತ್ತು. ಬೆನ್ನು ಹಾಕಿಕೊಂಡೇ ತಂಬಿಗೆ ಬಗ್ಗಿಸಿ ಸಣ್ಣಗೆ ನೀರು ಬಿಡುತ್ತ, “ಸ್ಸ್ಸ್... ಸ್ಸ್ಸ್...” ಎಂದೆ. ದೂರದಲ್ಲಿ ನಮ್ಮವರು ನಮ್ಮ ಪರಿಚಯವೇ ಇಲ್ಲದವರಂತೆ ಬೇಲಿಯ ಬೋರ್ಡು ಓದತೊಡಗಿದರು.

ಡೆಲ್ ಮಾರ್ ಅಜ್ಜನಿಗೆ ಬಂತು. “ಆಹಾ!” ಎಂದರು.

ನಮ್ಮ ಅಜ್ಜನಿಗೆ ಬರಲಿಲ್ಲ. ಅವರ ದನಿ ಮಾತ್ರ ಬಂತು. “ಆವತ್ತು ನಾ ಇಲ್ಲಿ ನಿಂದರಲಿಲ್ಲ. ಹತ್ತು ಮಂದಿ ಮಾಡಬೇಕಾಗಿತ್ತು, ಒಂಬತ್ತೇ ಆತು. ಅದಕ್ಕ ಬಿತ್ತು.”

ಅಜ್ಜಿಯ ಕೋಟು ಕೆಳಗಿಳಿಯಿತು. “ಏನಂದ್ರಿ? ಇಷ್ಟು ವರ್ಷ ನಾ ರೈಲಿನ್ಯಾಗ ಸೊಂಟ ಮುರಕೊಂಡದ್ದು ಒಂದು ಉಚ್ಚಿ ಸಲುವಾಗಿ?”

“ಯಾರು ಒಂಬತ್ತು ಅಂದವರು?” ಎಂದರು ಡೆಲ್ ಮಾರ್ ಅಜ್ಜ. “ನಿನ್ನ ಜಾಗಾಕ್ಕ ಬಂದ ಹುಡುಗಗ ನಾವೇ ಕಲಿಸಿದ್ವಿ. ನಾಚಿಕೊಂಡು ಎಲ್ಲಾರನ್ನೂ ಆ ಕಡೆ ತಿರುಗ್ರಿ ಅಂದ. ಆಮೇಲೆ ಎಷ್ಟು ಮಾಡಿದ ಅಂತೀ! ನಿನಗಿಂತ ಚಲೋ ಮಾಡಿದ.”

“ಮತ್ತ ಯಾಕ ಬಿತ್ತು?”

“ಅವರ ಹತ್ರ ತೋಪು ಇದ್ವು ಮಾರಾಯಾ. ನಮ್ಮ ಹತ್ರ ಇದ್ದದ್ದು ಇದೊಂದೇ.”

ಮೊದಲು ಅಜ್ಜನಿಂದ ಒಂದು ವಿಚಿತ್ರ ಸದ್ದು ಬಂತು, ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ನಕ್ಕು ನಕ್ಕು, ಚಕ್ರ ಹಿಡಿದುಕೊಂಡು ನಕ್ಕರು. ಆ ನಗೆಯ ನಡುವೆಯೇ ಅವರ ಕೆಲಸವೂ ಆಯಿತು. ನನ್ನ ತಂಬಿಗೆಯ ಸದ್ದಲ್ಲ ಅದು. ನಾನಾಗಲೇ ಬಗ್ಗಿಸುವುದನ್ನು ನಿಲ್ಲಿಸಿದ್ದೆ.

ಆಮೇಲೆ ಅಜ್ಜ, “ಆ ಹುಡುಗನ ಹೆಸರೇನು?” ಎಂದು ಕೇಳಿದರು. ಡೆಲ್ ಮಾರ್ ಅಜ್ಜನಿಗೆ ನೆನಪಿತ್ತು. ಅಜ್ಜ ಅದನ್ನು ಎರಡು ಸಲ ಅಂದುಕೊಂಡರು. ನಂತರ ಇಬ್ಬರೂ ಉಳಿದವರ ಹೆಸರುಗಳನ್ನೂ ಒಂದೊಂದಾಗಿ ಹೇಳಿದರು. ಹಾಜರಿ ಕರೆದಂತಿತ್ತು. ತಂಬಿಗೆಯ ತಳದಲ್ಲಿ ಸ್ವಲ್ಪ ನೀರಿತ್ತು, ಆ ಹೆಸರುಗಳಿಗೆಂದು ಬಿಟ್ಟೆ. ಶಾಸ್ತ್ರದಲ್ಲಿ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಅಜ್ಜ ವಿಮಾನ ಹತ್ತಿದರು. ಹಿಂದಿನಿಂದ ಹಳದಿ ಜಾಕೆಟಿನವನು ನೂಕಬೇಕಾಯಿತು, ಆದರೆ ಅದು ಮೊಣಕಾಲಿನ ದೋಷ. ವಿಮಾನ ಸಮುದ್ರದ ಕಡೆ ಹೋಗಿ ಮರೆಯಾಯಿತು. ಅಜ್ಜಿ ನನ್ನ ಕೈಯನ್ನು ಬಳೆ ಬಾಗುವಷ್ಟು ಹಿಡಿದಿದ್ದರು. ಬಾಲದವನೇ, ಹೋಗುವುದು ದೊಡ್ಡದಲ್ಲ, ಬರುವುದು ಮುಖ್ಯ ಎಂದು ನಾನು ಒಂದೇ ಸಮನೆ ಹೇಳಿಕೊಂಡೆ. ಬಂದಿತು.

ಕೆಳಗಿಳಿದ ಅಜ್ಜನ ಕೂದಲು ನೆಟ್ಟಗೆ ನಿಂತಿತ್ತು. ಅವರ ಮೊದಲ ಮಾತು: “ಬಾಸ್ಟನ್‌ಗೆ ಹೋಗೂ ವಿಮಾನದಾಗ ಬಾಲದಾಗ ಸೀಟ್ ಕೊಡ್ತಾರೇನು?”

“ಬಾಲದಾಗ ಟಾಯ್ಲೆಟ್ ಇರ್ತದ್ರಿ,” ಎಂದರು ಅಜ್ಜಿ ಕಣ್ಣೊರೆಸಿಕೊಳ್ಳುತ್ತ.

“ಹಂಗಾದ್ರ ಇನ್ನೂ ಚಲೋ ಆತು.”

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅಜ್ಜಿ ಗೋಡೆಯ ಆಚೆಯಿಂದ, ಬಾಸ್ಟನ್‌ನಲ್ಲಿ ನವೆಂಬರಿಗೆ ಸ್ವೆಟರ್ ಸಾಕೋ ಕೋಟೇ ಬೇಕೋ ಎಂದು ಕೇಳಿದರು. ಕೋಟೇ ಬೇಕು, ಆದರೆ ಆ ಕೋಟನ್ನು ಮೊದಲು ಒಗೆಯಿರಿ ಎಂದೆ. ಆಗ ನನ್ನ ತಂಬಿಗೆ ನೆನಪಾಯಿತು. ಅಂಥ ಕೆಲಸಕ್ಕೆ ಒದಗಿದ ತಂಬಿಗೆಯನ್ನು ಹಾಗೇ ದೇವರ ಮುಂದೆ ಇಡಲಾದೀತೇ? ದೇವರು ಬೇಡವೆನ್ನಲಿಕ್ಕಿಲ್ಲ, ನನ್ನ ಮನಸ್ಸು ಒಪ್ಪಬೇಕಲ್ಲ. ಹಿಡಿ ಹುಣಸೆಹಣ್ಣು ನೆನೆಹಾಕಿ, ಸೆರಗು ಸಿಕ್ಕಿಸಿ, ಮತ್ತೆ ನಲ್ಲಿಯ ಹತ್ತಿರ ತಿಕ್ಕಲು ಕೂತೆ.