ನಲವತ್ತೊಂದನೆಯ ದಿನ

ನಾನು ಹುಟ್ಟಿದ ದಿನ ಜೂನ್ ಒಂದು. ನನ್ನ ಗಂಡ ಹುಟ್ಟಿದ್ದೂ ಜೂನ್ ಒಂದು. ಟೊರೊಂಟೊ ಪಕ್ಕದ ಎಟೋಬಿಕೋಗೆ ಬಂದ ಹೊಸದರಲ್ಲಿ ಡಾಕ್ಟರ ಹತ್ತಿರ ಹೆಸರು ಬರೆಸಲು ಹೋದಾಗ ಕೌಂಟರಿನ ಹುಡುಗಿ ನಮ್ಮಿಬ್ಬರ ಫಾರಂ ನೋಡಿ, ‘ಎಷ್ಟು ರೊಮ್ಯಾಂಟಿಕ್!’ ಅಂದಳು. ರೊಮ್ಯಾನ್ಸೇನೂ ಇಲ್ಲ ತಾಯಿ, ಇದು ನಮ್ಮ ಹೆಡ್ಮಾಸ್ತರುಗಳ ಕೈಚಳಕ ಎಂದು ಅವಳಿಗೆ ಹೇಗೆ ಬಿಡಿಸಿ ಹೇಳುವುದು? ಶಾಲೆಗೆ ಸೇರಿಸುವ ದಿನ ಮಗು ಹುಟ್ಟಿದ ತಾರೀಖು ಯಾರಿಗೂ ನೆನಪಿಲ್ಲದಿದ್ದರೆ, ವಯಸ್ಸು ಸರಿಹೋಗುವ ಹಾಗೆ ಅವರೇ ಜೂನ್ ಒಂದು ಎಂದು ಗೀಚಿಬಿಡುತ್ತಿದ್ದರು. ಟೊರೊಂಟೊ ಸುತ್ತಮುತ್ತ ನಮ್ಮ ವಯಸ್ಸಿನ ಕನ್ನಡಿಗರಲ್ಲಿ ಇಂಥ ಹೆಡ್ಮಾಸ್ತರ ತಾರೀಖಿನವರು ಬೇಕಾದಷ್ಟು ಮಂದಿ ಇದ್ದಾರೆ. ಜೂನ್ ಪಿಕ್ನಿಕ್ಕಿನಲ್ಲಿ ಒಂದೇ ಕೇಕಿಗೆ ಏಳೆಂಟು ಜನ ಚಾಕು ಹಿಡಿದು ನಿಂತದ್ದನ್ನು ನಾನೇ ನೋಡಿದ್ದೇನೆ.

ಈ ಸುಳ್ಳು ತಾರೀಖುಗಳಿಂದಲೂ ಒಂದು ಉಪಕಾರವಾಯಿತು. ಅದು ನಮ್ಮ ಪಕ್ಕದ ಮನೆಯ ಅಜ್ಜಿಗೆ.

ಎಪ್ಪತ್ತು ದಾಟಿದ ಆಕೆ ಶಾಲೆಯಲ್ಲಿ ಟೀಚರಾಗಿದ್ದು ರಿಟೈರಾದವರು. ಹೆಂಚಿನ ಬಣ್ಣದ ಬಂಗಲೆ ಮನೆಯಲ್ಲಿ ಒಬ್ಬರೇ ಇದ್ದರು. ನನ್ನ ಇಂಗ್ಲಿಷನ್ನು ತಿದ್ದದೆ ಬಿಟ್ಟ ದಿನ ನನಗೆ ನೆನಪಿಲ್ಲ. ಆಕೆಯ ತಂದೆ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಎಂಟೊಂಬತ್ತು ವರ್ಷದವರಿದ್ದಾಗ ಅಲ್ಲಿನ ಅನಾಥಾಲಯದವರು ಅವರನ್ನು ಬೇರೆ ಮಕ್ಕಳ ಜೊತೆ ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿದ್ದರು. ಟೊರೊಂಟೊದ ಪೂರ್ವಕ್ಕಿರುವ ವಿಟ್ಬಿಯ ಹತ್ತಿರ ಒಂದು ಫಾರ್ಮಿನಲ್ಲಿ ದುಡಿಯುತ್ತ ಬೆಳೆದರು. ‘ನಿಮ್ಮಮ್ಮ ಬೇಡ ಅಂತ ನಿನ್ನನ್ನ ಬಿಟ್ಟುಹೋದಳು’ ಎಂದು ಫಾರ್ಮಿನ ಯಜಮಾನ ಹೇಳಿದ್ದನಂತೆ. ಅವರು ಸಾಯುವವರೆಗೂ ಅದನ್ನೇ ನಂಬಿದ್ದರು. ಹುಟ್ಟುಹಬ್ಬ ಆಚರಿಸಲಿಲ್ಲ. ಅನಾಥಾಲಯದ ಕಾಗದದಲ್ಲಿದ್ದ ತಾರೀಖಿನ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ‘ನನ್ನ ತಲೆಯ ಮೇಲೆ ಸುಳ್ಳು ಕೆತ್ತಿಸಬೇಡ’ ಎಂದು ಮಗಳಿಗೆ ಹೇಳಿ ಸತ್ತರು. ಹೀಗಾಗಿ ವಿಟ್ಬಿಯ ಸ್ಮಶಾನದಲ್ಲಿ ಅವರ ಕಲ್ಲಿನ ಮೇಲೆ ಸತ್ತ ದಿನ ಇತ್ತು, ಹುಟ್ಟಿದ ದಿನದ ಜಾಗ ಖಾಲಿ ಇತ್ತು. ತಾನು ಕಣ್ಣು ಮುಚ್ಚುವುದರೊಳಗೆ ಆ ಜಾಗ ತುಂಬಿಸಬೇಕು, ತಂದೆಯನ್ನು ಅವರ ತಾಯಿ ನಿಜವಾಗಿ ಬಿಟ್ಟಳೋ ಇಲ್ಲವೋ ತಿಳಿಯಬೇಕು ಎನ್ನುವುದೊಂದೇ ಆಕೆಯ ಹಟ.

ನಾನು ಸಿಕ್ಕಿಬಿದ್ದದ್ದು ಕಣ್ಣಿನ ದೆಸೆಯಿಂದ. ಆಕೆಗೆ ಆಗಲೇ ಕಣ್ಣು ಮಂಜಾಗಿತ್ತು. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆಯುವವಳು, ಸಣ್ಣ ಅಕ್ಷರ ನನಗೆ ಹೊಸದಲ್ಲ. ಒಂದು ಚರ್ಚಿನವರು ನಡೆಸುತ್ತಿದ್ದ ವಂಶಾವಳಿ ಲೈಬ್ರರಿಗೆ ಶನಿವಾರ ಶನಿವಾರ ಇಬ್ಬರೂ ಹೋಗತೊಡಗಿದೆವು. ಈಗ ಇದೆಲ್ಲ ಕಂಪ್ಯೂಟರಿಗೆ ಬಂದಿದೆ. ತೊಂಬತ್ತರ ದಶಕದ ನಡುವೆ ಇದ್ದದ್ದು ಹಳೆಯ ದಾಖಲೆ ಪುಟಗಳ ಫೋಟೋ ಹಿಡಿದ ಫಿಲ್ಮು, ಮತ್ತು ಅದನ್ನು ಹಿಡಿಕೆ ತಿರುಗಿಸಿ ಓದುವ ಯಂತ್ರ. ಇಂಗ್ಲೆಂಡು ಮತ್ತು ವೇಲ್ಸಿನ ಹುಟ್ಟು, ಮದುವೆ, ಸಾವುಗಳಿಗೆಲ್ಲ ಮೂರು ಮೂರು ತಿಂಗಳಿಗೊಂದರಂತೆ ವರ್ಷಕ್ಕೆ ನಾಲ್ಕು ಇಂಡೆಕ್ಸು. ಹುಟ್ಟಿನ ಇಂಡೆಕ್ಸಿನಲ್ಲಿ ಒಬ್ಬರಿಗೆ ಒಂದು ಸಾಲು: ಮನೆತನದ ಹೆಸರು, ಸ್ವಂತ ಹೆಸರು, ನೋಂದಣಿಯಾದ ಜಿಲ್ಲೆ, ಸಂಪುಟ, ಪುಟ. ಆ ಕಾಲದ ಸಾಲುಗಳಲ್ಲಿ ಅಪ್ಪ ಅಮ್ಮನ ಸುದ್ದಿಯೇ ಇಲ್ಲ. ಸಾಲು ಸಿಕ್ಕರೆ ಅದನ್ನು ಬರೆದು ಇಂಗ್ಲೆಂಡಿಗೆ ಕಳಿಸಬೇಕು, ಆಗ ಪೂರ್ತಿ ಸರ್ಟಿಫಿಕೇಟು ಬರುತ್ತದೆ. ಹೆಸರು ಗೊತ್ತು, ಊರು ಗೊತ್ತು, ಮನೆತನದ ಹೆಸರು ಅಪರೂಪದ್ದು, ಒಂದು ಗಂಟೆಯ ಕೆಲಸ ಅಂದುಕೊಂಡೆ. ಎರಡು ಚಳಿಗಾಲ ಕಳೆಯಿತು. ಕಾಗದದಲ್ಲಿದ್ದ ತಾರೀಖು ಮೇ ಒಂದು. ಏಪ್ರಿಲಿನಿಂದ ಜೂನಿನವರೆಗಿನ ಇಂಡೆಕ್ಸನ್ನು ನಾವು ಅರೆದು ಕುಡಿದೆವು, ಅದರ ಮುಂದಿನದನ್ನೂ ನೋಡಿದೆವು. ಅವರ ಹೆಸರು ಸಿಗಲಿಲ್ಲ.

ಎರಡನೆಯ ಚಳಿಗಾಲ ಮುಗಿದ ಏಪ್ರಿಲಿನಲ್ಲಿ ನಮ್ಮಪ್ಪ ಊರಿನಿಂದ ಬಂದರು. ಹಾಸನದ ಕಡೆಯ ಒಂದು ಪುರಸಭೆಯಲ್ಲಿ ಜನನ-ಮರಣ ವಿಭಾಗದ ಗುಮಾಸ್ತರಾಗಿ ಮೂವತ್ತು ವರ್ಷ ಸವೆಸಿದವರು. ಊರಿನಲ್ಲಿ ಯಾರು ಹುಟ್ಟಿದರೂ ಸತ್ತರೂ ಅಪ್ಪನಿಗೆ ಹೇಳದೆ ಆಗುತ್ತಿರಲಿಲ್ಲ ಎಂದು ಅಮ್ಮ ಹಂಗಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅಪ್ಪನದು ಇದು ಮೊದಲನೆಯ ಪ್ರಯಾಣ. ಮೊದಲ ವಾರವೇ ಬೇಸರ ಹಿಡಿಯಿತು. ನನ್ನ ಮಗಳನ್ನು ಮಾತಾಡಿಸಲು ಹೋದರೆ ಅವಳು, ‘ತಾತಾ, ಐ ಹ್ಯಾವ್ ಹೋಮ್‌ವರ್ಕ್’ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹೀಗಾಗಿ ಒಂದು ಸಂಜೆ ಅಜ್ಜಿಯ ಅಡುಗೆಮನೆಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಅಪ್ಪ ಇಂಗ್ಲಿಷ್ ಓದುತ್ತಾರೆ, ಮಾತಾಡಲು ಸಂಕೋಚ. ಇಬ್ಬರ ನಡುವೆ ದುಭಾಷಿ ನಾನು.

ಅಪ್ಪ ಅನಾಥಾಲಯದ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದರು.

“ಈ ತಾರೀಖು ಯಾರು ಹೇಳಿದ್ದು?”

“ಅನಾಥಾಲಯದವ್ರು, ಅಪ್ಪ.”

“ಅವ್ರೇನು ಹೆರಿಗೆ ಮನೇಲಿದ್ರಾ? ಮೇ ಒಂದಂತೆ, ಮೇ ಒಂದು! ಇದು ಹೆಡ್ಮಾಸ್ತರ ತಾರೀಖು ಕಣಮ್ಮ. ಮಗೂನ ಮುಖ ನೋಡಿ ಹಾಕಿರೋದು. ಹೊಟ್ಟೆಗಿಲ್ದೇ ಇದ್ದ ಮಗು ಚಿಕ್ಕದಾಗಿ ಕಾಣತ್ತೆ. ಹಿಂದಕ್ಕೆ ಹೋಗಿ, ಹಿಂದಕ್ಕೆ.”

ನನ್ನ ಹೆಲ್ತ್ ಕಾರ್ಡಿನಲ್ಲೂ ಗಂಡನ ಕಾರ್ಡಿನಲ್ಲೂ ಜೂನ್ ಒಂದು ಇಟ್ಟುಕೊಂಡು ಈ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಜೂನ್ ಒಂದರ ಕಥೆಯನ್ನು ಅಜ್ಜಿಗೆ ಹೇಳಿದೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ಶನಿವಾರದಿಂದ ಅಪ್ಪನೂ ಲೈಬ್ರರಿಗೆ ಹೊರಟರು.

ಯಂತ್ರದ ಮುಂದೆ ಕೂತಕೂಡಲೇ ಅಪ್ಪನ ಬೆನ್ನು ನೆಟ್ಟಗಾಯಿತು. “ನಮ್ಮ ಆಫೀಸಿಂದೇ ಕಣೇ ಇದು! ಇಂಗ್ಲಿಷ್ನೋರು ನಮ್ಮಲ್ಲಿ ಬಿಟ್ಟುಹೋಗಿದ್ದೂ ಇದನ್ನೇ,” ಅಂದರು. ಒಂದೊಂದು ಪುಟಕ್ಕೂ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಆಮೇಲೆ ಹಿಡಿಕೆ ತಿರುಗಿಸುತ್ತಿದ್ದರು. ಗಾಜಿನ ಮೇಲೆ ಬೆಳಕಾಗಿ ಬೀಳುವ ಪುಟಕ್ಕೆ ಎಂಜಲು ಬೇಡ ಅಪ್ಪ ಎಂದು ಹೇಳಿ ಹೇಳಿ ನಾನು ಸೋತೆ. ಲೈಬ್ರರಿಯ ಹೆಂಗಸು ಒಂದು ಪೊಟ್ಟಣ ಟಿಶ್ಯೂ ತಂದು ಪಕ್ಕದಲ್ಲಿಟ್ಟು ಹೋದಳು.

ಹಿಂದಿನ ವರ್ಷದ ಎಲ್ಲ ಇಂಡೆಕ್ಸೂ ಮುಗಿಯುತ್ತ ಬಂತು. ಆ ಮನೆತನದ ಹೆಸರಿನವರು ಒಂದೊಂದು ಫಿಲ್ಮಿನಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ನಮಗೆ ಬೇಕಾದ ಹೆಸರಿಲ್ಲ. ನಾನು ಹಿಡಿಕೆ ತಿರುಗಿಸಲು ಹೋದಾಗ ಅಪ್ಪ ಕೈ ಹಿಡಿದರು.

“ತಡಿ. ಕೊನೇದು ನೋಡಿದ್ಯಾ?”

ಹೆಸರುಗಳೆಲ್ಲ ಮುಗಿದ ಮೇಲೆ, ಆ ಮನೆತನದ ಪಟ್ಟಿಯ ತೀರ ಕೆಳಗೆ ಒಂದು ಸಾಲಿತ್ತು. ಸ್ವಂತ ಹೆಸರಿನ ಜಾಗದಲ್ಲಿ ‘ಗಂಡು’ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿತ್ತು. ಜಿಲ್ಲೆ ನಮಗೆ ಬೇಕಾದದ್ದೇ. ಜನವರಿಯಿಂದ ಮಾರ್ಚಿನವರೆಗಿನ ಇಂಡೆಕ್ಸು ಅದು, ಕಾಗದದ ತಾರೀಖಿಗಿಂತ ಒಂದು ವರ್ಷಕ್ಕೂ ಹಿಂದಿನದು. ಎರಡು ವರ್ಷದಿಂದ ನಾವು ಪ್ರತಿ ಪಟ್ಟಿಯಲ್ಲೂ ಹೆಸರುಗಳು ಮುಗಿದಕೂಡಲೇ ಮುಂದಕ್ಕೆ ಹೋಗುತ್ತಿದ್ದೆವು.

“ನೀವು ಹೆಸರು ಹುಡುಕ್ತಿದ್ದೀರಿ. ಆಗ ತಾನೇ ಹುಟ್ಟಿದ್ದಕ್ಕೆ ಹೆಸರು ಎಲ್ಲಿಂದ ಬರ್ಬೇಕು? ನಮ್ಮ ರಿಜಿಸ್ಟರಲ್ಲಿ ಅರ್ಧ ಊರು ಬರೀ ಗಂಡು, ಹೆಣ್ಣು,” ಅಂದರು ಅಪ್ಪ.

ಅಜ್ಜಿ ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಆಕೆ ಕೋಟು ತೊಟ್ಟುಕೊಂಡು ನೇರ ಕಾರಿಗೆ ಹೋಗಿ ಕೂತರು. ಮನೆಗೆ ಬಂದು ಟೀ ಮಾಡುತ್ತ ಬೆನ್ನು ತಿರುಗಿಸಿಕೊಂಡೇ, ‘ಒಂದು ಹೆಸರು ಕೂಡ ಇಡಲಿಲ್ಲವಲ್ಲ. ಹಾಗಾದರೆ ಆ ಫಾರ್ಮಿನವನು ಹೇಳಿದ್ದೇ ನಿಜ’ ಅಂದರು.

ನಾನು ಅಪ್ಪನಿಗೆ ಹೇಳಿದೆ. ಅಪ್ಪ ಬಟ್ಟಲು ಕೆಳಗಿಟ್ಟರು.

“ಆಯಮ್ಮನಿಗೆ ಹೇಳು. ಹೆಸರು ಇಡೋದು ಮನೇಲಿ, ಆಫೀಸಲ್ಲಲ್ಲ. ಇವಳು, ನನ್ನ ಮಗಳು, ನನ್ನ ರಿಜಿಸ್ಟರಲ್ಲೇ ಇವತ್ತಿಗೂ ‘ಹೆಣ್ಣು’ ಅಂತಲೇ ಇದಾಳೆ. ನಾನೇನು ಇವಳನ್ನ ಬಿಟ್ಟುಬಿಟ್ನಾ? ಹೇಳು.”

ನಾನು ದುಭಾಷಿ ಕೆಲಸ ಬಿಟ್ಟು ಅಪ್ಪನ ಕಡೆ ತಿರುಗಿದೆ. ನನಗೆ ಆಗ ನಲವತ್ತು ದಾಟಿತ್ತು, ಈ ಸುದ್ದಿ ಕೇಳಿದ್ದು ಅದೇ ಮೊದಲು. ಊರಿನ ಮಕ್ಕಳ ಹೆಸರನ್ನೆಲ್ಲ ದುಂಡಗೆ ಬರೆದ ಮನುಷ್ಯ ಸ್ವಂತ ಮಗಳ ಹೆಸರನ್ನು ಬರೆಯದೆ ಬಿಟ್ಟಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ.

“ಅಪ್ಪ, ಯಾಕೆ ಬರೀಲಿಲ್ಲ?”

“ಹನ್ನೊಂದನೇ ದಿನಕ್ಕೆ ನಾಮಕರಣ ಆಯ್ತು. ನಾಳೆ ಬರೆಯೋಣ ಅಂದ್ಕೊಂಡೆ. ರಿಜಿಸ್ಟರು ನನ್ನ ಹತ್ರಾನೇ ಇತ್ತಲ್ಲ, ಎಲ್ಲಿ ಹೋಗತ್ತೆ ಅಂತ. ಶಾಲೆಗೆ ನಿನ್ನ ಸೋದರಮಾವ ಕರ್ಕೊಂಡುಹೋಗಿ ಸೇರಿಸ್ದ, ಅವನಿಗೆ ತಾರೀಖು ಗೊತ್ತಿಲ್ಲ. ಹಾಗೇ ಆಯ್ತು. ಮೊದ್ಲು ಆಯಮ್ಮನಿಗೆ ಹೇಳೇ.”

ನನ್ನ ಕಥೆಯನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಕೋಪವೂ ಬಂದಿತ್ತು, ನಗುವೂ ಬರುತ್ತಿತ್ತು. ಅಜ್ಜಿ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ‘ನಿಮ್ಮ ತಂದೆಗೆ ಬಿಸ್ಕತ್ತು ಬೇಕಾ ಕೇಳು’ ಅಂದರು. ಆದರೂ ಆಕೆಯ ಅನುಮಾನ ಪೂರ್ತಿ ಹೋಗಲಿಲ್ಲ. ಮರುದಿನ ಸರ್ಟಿಫಿಕೇಟಿಗೆ ಬರೆದು ಹಾಕಿದರು.

ಅದು ಬಂದದ್ದು ಆಗಸ್ಟಿನಲ್ಲಿ. ಲಕೋಟೆಯನ್ನು ಒಡೆಯದೆ ಬೇಲಿಯ ಹತ್ತಿರ ನಿಂತು ನನ್ನನ್ನು ಕೂಗಿದರು. ಹೆಸರಿನ ಜಾಗದಲ್ಲಿ ಒಂದು ಗೆರೆ. ತಂದೆಯ ಹೆಸರಿನ ಜಾಗದಲ್ಲಿ ಇನ್ನೊಂದು ಗೆರೆ. ತಾಯಿಯ ಹೆಸರು ಇತ್ತು. ಅವಳ ಕಸುಬು ಬಟ್ಟೆ ಒಗೆಯುವುದು. ವಿಳಾಸದಲ್ಲಿ ಒಂದು ಓಣಿಯ ಹೆಸರು. ಅದನ್ನು ಓದಿದಾಗ ಅಜ್ಜಿ ನನ್ನ ತೋಳು ಹಿಡಿದುಕೊಂಡರು. ಅವರ ತಂದೆಗೆ ಇಂಗ್ಲೆಂಡಿನ ನೆನಪೆಂದು ಉಳಿದಿದ್ದದ್ದು ಅದೊಂದೇ ಓಣಿ. ವಿಷಯ ತಿಳಿಸಿದವರು ಯಾರು ಎನ್ನುವ ಕಡೆ ತಾಯಿಯದೇ ಹೆಸರು, ಸಹಿಯ ಬದಲು ಒಂದು ಅಡ್ಡಗೀಟಿನ ಗುರುತು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ.

ಅಪ್ಪ ನೋಡಿದ್ದು ಬೇರೆ. ಮಗು ಹುಟ್ಟಿದ್ದು ಡಿಸೆಂಬರಿನಲ್ಲಿ, ಬರೆಸಿದ್ದು ಜನವರಿಯ ಕೊನೆಯಲ್ಲಿ. ಅಪ್ಪ ಬೆರಳಿನ ಗೆಣ್ಣು ಎಣಿಸತೊಡಗಿದರು.

“ಅಲ್ಲಿ ಎಷ್ಟು ದಿನ ಗಡುವು, ಕೇಳು.”

‘ನಲವತ್ತೆರಡು’ ಅಂದರು ಅಜ್ಜಿ. ಎರಡು ವರ್ಷದಲ್ಲಿ ಆಕೆ ಆ ಕಾನೂನನ್ನೆಲ್ಲ ಬಾಯಿಪಾಠ ಮಾಡಿದ್ದರು.

“ಇದು ನಲವತ್ತೊಂದನೇ ದಿನ. ಗಡುವು ಮುಗಿಯೋಕೆ ಒಂದು ದಿನ ಇದ್ದಾಗ ಬಂದಿದಾಳೆ.” ಅಪ್ಪ ಕನ್ನಡಕ ತೆಗೆದರು. “ಇಂಥೋರನ್ನ ನಾನು ಬೇಕಾದಷ್ಟು ನೋಡಿದೀನಿ ಕಣಮ್ಮ. ಗಂಡನಿಲ್ಲ, ಹೆಸರು ಕೇಳ್ತಾರೆ, ನಾಲ್ಕು ಜನರ ಎದುರಿಗೆ ನಿಂತು ಹೇಳ್ಬೇಕು. ನಾಳೆ ನಾಡಿದ್ದು ಅಂತ ಮುಂದೂಡ್ತಾರೆ. ಕೊನೇ ಘಳಿಗೇಲಿ ಮಗೂನ ಸೆರಗಲ್ಲಿ ಸುತ್ತಿಕೊಂಡು ಬಂದೇ ಬರ್ತಾರೆ. ಬಿಡೋ ಮನಸ್ಸಿರೋಳು ಆಫೀಸಿನ ಮೆಟ್ಟಿಲು ಹತ್ತಲ್ಲ.”

ಇದನ್ನು ನಾನು ಒಂದೊಂದೇ ವಾಕ್ಯವಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆ ದಿನ ಅಜ್ಜಿ ನನ್ನ ಒಂದು ತಪ್ಪನ್ನೂ ತಿದ್ದಲಿಲ್ಲ.

ಉಳಿದದ್ದು ಸಾವಿನ ಇಂಡೆಕ್ಸು. ತಾಯಿಯ ಹೆಸರು ಗೊತ್ತಾದ ಮೇಲೆ ಅದು ಕಷ್ಟವಾಗಲಿಲ್ಲ. ಮಗು ಅನಾಥಾಲಯ ಸೇರಿದ ದಿನದಿಂದ ಹಿಂದಕ್ಕೆ ಹೊರಟೆವು. ಮೊದಲನೆಯ ಫಿಲ್ಮಿನಲ್ಲೇ ಸಿಕ್ಕಳು. ಅದೇ ಊರು, ವಯಸ್ಸು ಇಪ್ಪತ್ತೊಂಬತ್ತು. ಆಮೇಲೆ ಬಂದ ಸರ್ಟಿಫಿಕೇಟಿನಲ್ಲೂ ಅದೇ ಓಣಿ, ಕ್ಷಯ ಎಂದು ಬರೆದಿತ್ತು. ಅವಳು ಸತ್ತು ಐದು ವಾರಕ್ಕೆ ಮಗುವನ್ನು ಅನಾಥಾಲಯಕ್ಕೆ ಸೇರಿಸಿದ್ದರು. ಅವಳು ಯಾರನ್ನೂ ಬಿಟ್ಟಿರಲಿಲ್ಲ. ಫಾರ್ಮಿನ ಆ ಯಜಮಾನ ಸತ್ತು ಎಷ್ಟು ಕಾಲವಾಗಿತ್ತೋ ಏನೋ, ನಾನಂತೂ ಅವನಿಗೆ ಲೈಬ್ರರಿಯಲ್ಲೇ ಕನ್ನಡದಲ್ಲಿ ಶಾಪ ಹಾಕಿದೆ.

ಅಕ್ಟೋಬರ್ ಕೊನೆಯಲ್ಲಿ, ನೆಲ ಹೆಪ್ಪುಗಟ್ಟುವುದಕ್ಕೆ ಮುಂಚೆ, ಕಲ್ಲು ಕೆತ್ತುವವನು ಕೆಲಸ ಮುಗಿಸಿದ. ನಾವು ಮೂವರೂ ಕಾರಿನಲ್ಲಿ ವಿಟ್ಬಿಗೆ ಹೋದೆವು. ಅಪ್ಪ ನನ್ನ ಗಂಡನ ಜಾಕೆಟ್ಟಿನ ಮೇಲೆ ಊರಿನ ಮಫ್ಲರು ಸುತ್ತಿಕೊಂಡಿದ್ದರು. ಕಲ್ಲಿನ ಮೇಲೆ ಹುಟ್ಟಿದ ದಿನ ಬಂದಿತ್ತು. ಅದರ ಕೆಳಗೆ ಅಜ್ಜಿ ಇನ್ನೊಂದು ಸಾಲು ಕೆತ್ತಿಸಿದ್ದರು, ಇಂಥವಳ ಮಗ ಎಂದು. ಆಕೆ ಬಗ್ಗಿ ಆ ತಾಯಿಯ ಹೆಸರಿನ ಮೇಲೆ ಕೈಗವುಸು ಕಳಚಿದ ಬೆರಳು ಆಡಿಸಿದರು. ಆಮೇಲೆ ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟೇ ಸಹಜವಾಗಿ ಕಲ್ಲಿಗೆ ಹೇಳಿದರು: ‘ಡ್ಯಾಡ್, ನಲವತ್ತೊಂದನೆಯ ದಿನ ಅವಳು ಬಂದಳು.’

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಮಫ್ಲರಿನ ತುದಿಯಿಂದ ಮೂಗು ಒರೆಸಿಕೊಂಡು, ಚಳಿ ಜಾಸ್ತಿ ಅಂದರು.

ಅಪ್ಪ ಊರಿಗೆ ಹೋದ ಮೇಲೆ ಸಂಕ್ರಾಂತಿಯ ಹೊತ್ತಿಗೆ ಒಂದು ಲಕೋಟೆ ಬಂತು. ಒಳಗೆ ಪುರಸಭೆಯ ರಿಜಿಸ್ಟರಿನ ಒಂದು ಸಾಲಿನ ನಕಲು. ಹೆಸರು: ಹೆಣ್ಣು. ಜೊತೆಗೆ ಅಪ್ಪನ ಚೀಟಿ: “ಹೆಸರು ಸೇರಿಸುವ ಅವಧಿ ಮುಗಿದಿದೆ ಎಂದು ಈಗಿನ ಗುಮಾಸ್ತ ಹೇಳಿದ. ಅವನು ಹೇಳಿದ್ದು ಸರಿ. ನಿಯಮ ನಿಯಮವೇ. ಆದರೆ ತಾರೀಖಿನ ಎರಡು ಕಾಲಂ ನೋಡು.”

ನಾನು ನೋಡಿ, ಕಾಗದವನ್ನು ಹಿಡಿದುಕೊಂಡು ಚಪ್ಪಲಿಯಲ್ಲೇ ಹಿಮ ದಾಟಿ ಪಕ್ಕದ ಮನೆಗೆ ಓಡಿದೆ. ಅಂಕಿಗಳು ಇಂಗ್ಲಿಷಿನಲ್ಲೇ ಇದ್ದವು. ಅಜ್ಜಿ ಭೂತಗನ್ನಡಿ ಹಿಡಿದು ಹುಟ್ಟಿದ ತಾರೀಖು ಓದಿದರು, ಬರೆಸಿದ ತಾರೀಖು ಓದಿದರು, ಮತ್ತೆ ಮೊದಲನೆಯದಕ್ಕೆ ಹೋದರು.

‘ಎರಡೂ ಒಂದೇ ದಿನ’ ಅಂದರು. ‘ನಿನ್ನ ತಂದೆ ಒಂದು ದಿನವೂ ಕಾಯಲಿಲ್ಲ.’