ಮೊಣಕಾಲ ಮೇಲೆ ಹಾಕಿದ ಟವಲು

ಐಸ್ ಹಾಕಿ ಆಟಗಾರರಿಬ್ಬರು ಕೈಗವಸು ಕಿತ್ತು ಮಂಜುಗಡ್ಡೆಯ ಮೇಲೆ ಎಸೆದರು. ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದು ಮುಖಕ್ಕೆ ಗುದ್ದತೊಡಗಿದ. ಪಟ್ಟೆ ಅಂಗಿಯ ರೆಫರಿಗಳು ಎರಡು ಮಾರು ದೂರದಲ್ಲಿ ನಿಂತು ನೋಡುತ್ತಿದ್ದರು. ಬಿಡಿಸಲಿಲ್ಲ. ಸಾವಿರಾರು ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕೈ ತಾನಾಗಿ ಎದೆಯ ಮೇಲೆ ಸೀಟಿ ಹುಡುಕಿತು. ಮೂವತ್ತು ವರ್ಷ ಅಲ್ಲಿ ನೇತಾಡಿದ ಸೀಟಿ ಈಗ ಶಿರಾಳಕೊಪ್ಪದ ಮನೆಯ ಕಪಾಟಿನಲ್ಲಿದೆ.

"ಯಾಕೆ ಬಿಡಿಸ್ತಿಲ್ಲ ಸವಿತಾ?" ಎಂದು ಮಗಳನ್ನು ಕೇಳಿದೆ.

"ಕೂತ್ಕಳಪ್ಪ. ಒಬ್ಬ ಬೀಳೋ ತನಕ ಬಿಡಿಸಲ್ಲ ಇಲ್ಲಿ," ಎಂದಳು. ಅವಳೂ ನಿಂತೇ ಇದ್ದಳು.

ಒಬ್ಬ ಬಿದ್ದ. ಇಬ್ಬರನ್ನೂ ಗಾಜಿನ ಗೂಡುಗಳಲ್ಲಿ ಐದು ನಿಮಿಷ ಕೂರಿಸಿದರು. ಐದೇ ನಿಮಿಷ! ನನ್ನ ಶಾಲೆಯಲ್ಲಿ ಇನ್ನೊಬ್ಬನ ಅಂಗಿ ಎಳೆದವನು ಮೈದಾನಕ್ಕೆ ಹತ್ತು ಸುತ್ತು ಓಡಬೇಕಿತ್ತು.

ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ. ಎರಡು ವರ್ಷದಿಂದ ಕೆನಡಾದ ವಿನಿಪೆಗ್‌ನಲ್ಲಿ, ನರ್ಸ್ ಆಗಿರುವ ಮಗಳ ಮನೆಯಲ್ಲಿದ್ದೇನೆ. ಮರದ ಮನೆ, ನೆಲದ ಜಾಲರಿಯಿಂದ ಬಿಸಿಗಾಳಿ ಬರುತ್ತದೆ. ಐದಕ್ಕೆ ಏಳುತ್ತೇನೆ, ಅದೇ ಜಾಲರಿಯ ಪಕ್ಕ ವ್ಯಾಯಾಮ ಮಾಡುತ್ತೇನೆ. ಊರಿನಲ್ಲಿ ಆ ಹೊತ್ತಿಗೆ ಹಾಲಿನವನು, ಪೇಪರಿನವನು, ಬಸ್‌ಸ್ಟ್ಯಾಂಡಿಗೆ ಓಡುವವರು ಎಲ್ಲರೂ "ನಮಸ್ಕಾರ ಸಾರ್" ಎನ್ನುತ್ತಿದ್ದರು. ಇಲ್ಲಿ ಕಿಟಕಿಯಾಚೆ ಹಿಮ ಮಾತ್ರ. ಮೊದಲ ಚಳಿಗಾಲದಲ್ಲಿ ಮಗಳು ಕೆಲಸಕ್ಕೆ ಹೋದಮೇಲೆ ನಾನು ರೇಡಿಯೊಗೆ ಉತ್ತರ ಕೊಡುತ್ತಿದ್ದೆ.

ಅಂಗಡಿಯಲ್ಲಿ ಬೆಂಡೆಕಾಯಿ ಕಲ್ಲಿನಂತೆ ಹೆಪ್ಪುಗಟ್ಟಿ ಚೀಲದಲ್ಲಿ ಸಿಗುತ್ತದೆ. ಅಕ್ಕಿರೊಟ್ಟಿ ತಟ್ಟಲು ಕಲಿತೆ. ನಾಲ್ಕನೇ ವಾರ ಒಂದು ರೊಟ್ಟಿ ದುಂಡಗೆ ಬಂತು. ಇಲ್ಲಿನವರ ಮಾತಿನಲ್ಲಿ ನಾನು ಮೊದಲು ಕಲಿತದ್ದು 'ಸಾರಿ.' ನಾನು ಅವರ ಕಾಲು ತುಳಿದರೂ ಅವರೇ ಸಾರಿ ಎನ್ನುತ್ತಾರೆ. ನಮ್ಮ ಸಂತೆಯಲ್ಲಿ ಮೊಣಕೈಯಲ್ಲಿ ತಿವಿದು ಮುಂದೆ ಹೋಗುವವರು ತಿರುಗಿಯೂ ನೋಡುವುದಿಲ್ಲ. ಇಷ್ಟು ಸಾರಿ ಹೇಳುವ ಜನ ಗುದ್ದಾಟಕ್ಕೆ ಎದ್ದು ಚಪ್ಪಾಳೆ ತಟ್ಟುವುದು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವನು ಪಕ್ಕದ ಮನೆಯ ಗ್ಲೆನ್.

ಹಿಮ ಬಿದ್ದ ದಿನ ಪ್ರತಿಯೊಬ್ಬರೂ ತಮ್ಮ ಮನೆ ಮುಂದಿನ ದಾರಿಯ ಹಿಮವನ್ನು ತಾವೇ ಬಳಿದು ತೆಗೆಯಬೇಕು. ನಾನು ಏಳೂಕಾಲಿಗೆ ಸಲಿಕೆ ಹಿಡಿದು, ಕಬಡ್ಡಿ ಅಂಕಣಕ್ಕೆ ಸುಣ್ಣ ಎಳೆಯುವ ಹಾಗೆ ಅಂಚು ನೇರ ಮಾಡುತ್ತೇನೆ. ಒಂದು ದಿನ ಗ್ಲೆನ್ ಬೇಲಿಯ ಮೇಲಿಂದ ಬಗ್ಗಿ, "ಕೋಚ್, ಇಷ್ಟು ನೇರ ಮಾಡಿದ್ದೀಯಲ್ಲ, ನಡೆಯೋಕೆ ಹೆದರಿಕೆ ಆಗುತ್ತೆ," ಎಂದ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಬೆರಳ ಗೆಣ್ಣುಗಳು ಒಂದರ ಮೇಲೊಂದು ಹತ್ತಿದಂತಿದ್ದವು. ಸಲಿಕೆಯ ಹಿಡಿ ಅವನ ಮುಷ್ಟಿಯಲ್ಲಿ ನಿಲ್ಲುವುದಿಲ್ಲ. ಅಂದಿನಿಂದ ಅವನ ದಾರಿಯನ್ನೂ ನಾನೇ ಬಳಿಯುತ್ತೇನೆ.

ಗ್ಲೆನ್ ಎಂಟು ವರ್ಷ ಸಂಬಳಕ್ಕೆ ಐಸ್ ಹಾಕಿ ಆಡಿದವನು. ತಂಡದಲ್ಲಿ ಅವನು 'ಎನ್‌ಫೋರ್ಸರ್' ಆಗಿದ್ದ. ತಂಡದ ಚತುರ ಆಟಗಾರನಿಗೆ ಎದುರಾಳಿ ಅಡ್ಡದಾರಿಯಲ್ಲಿ ಹೊಡೆದರೆ, ಆ ಎದುರಾಳಿಯನ್ನು ಹುಡುಕಿ ಬಡಿಯುವವನಿಗೆ ಆ ಹೆಸರು. ಗೋಲು ಹೊಡೆಯುವುದು ಅವನ ಕೆಲಸವಲ್ಲ.

"ಹೊಡಿ ಅಂತ ಯಾರು ಹೇಳ್ತಿದ್ರು?" ಎಂದು ಕೇಳಿದೆ.

"ಯಾರೂ ಹೇಳಲ್ಲ ಕೋಚ್. ಬೆಂಚಿನ ಹಿಂದಿಂದ ಬೆನ್ನಿಗೆ ಒಂದು ಸಲ ತಟ್ತಾರೆ. ಅಷ್ಟೇ."

ನಾನು ಕಾಫಿ ಲೋಟ ಕೆಳಗಿಟ್ಟೆ. ಬೆನ್ನು ತಟ್ಟುವ ಬದಲು ನಾನು ಟವಲು ಬಳಸುತ್ತಿದ್ದೆ.

ಕಬಡ್ಡಿ ಆಟ ನಡೆಯುವಾಗ ಕೋಚು ಹೊರಗಿನಿಂದ ಕೂಗುವಂತಿಲ್ಲ. ಅದಕ್ಕೇ ನನ್ನ ಹುಡುಗರಿಗೆ ಒಂದು ಸನ್ನೆ ಕಲಿಸಿದ್ದೆ. ಟವಲು ಹೆಗಲ ಮೇಲಿದ್ದರೆ ತಾಳ್ಮೆ. ಇಳಿಸಿ ಮೊಣಕಾಲ ಮೇಲೆ ಹಾಕಿದರೆ, ಕೈ ಬಿಡಿ, ಅಂದರೆ ತಿರುಗಿ ಹೊಡೆಯಿರಿ. ಒಂದು ವರ್ಷ ಜಿಲ್ಲಾ ಮಟ್ಟದ ಪಂದ್ಯದಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಎದುರು ಸೊರಬ ತಾಲ್ಲೂಕು. ನಮ್ಮ ರೈಡರ್ ಇಮ್ತಿಯಾಜ್, ಶಿರಾಳಕೊಪ್ಪದ ತಗಡಿನ ಕೆಲಸದವರ ಮಗ, ಗಾಳಿಯಂಥ ಹುಡುಗ. ಸೊರಬದ ಹುಡುಗನೊಬ್ಬ ಅವನನ್ನು ಹಿಡಿದಾಗಲೆಲ್ಲ ರೆಫರಿಗೆ ಕಾಣದಂತೆ ಹಿಮ್ಮಡಿ ತಿರುಚುತ್ತಿದ್ದ. ಮೂರನೇ ಸಲ ಇಮ್ತಿಯಾಜ್ ಕುಂಟುತ್ತ ಎದ್ದ. ನಾನು ಟವಲು ಇಳಿಸಿದೆ.

ಅದನ್ನು ನೋಡಿದವನು ಹನುಮಂತ. ನಮ್ಮ ಊರಿನ ಹಾಸ್ಟೆಲಿನಲ್ಲಿದ್ದು ನಮ್ಮ ತಂಡಕ್ಕೆ ಆಡುತ್ತಿದ್ದ. ಅವನ ಸ್ವಂತ ಊರು ಕುಪ್ಪಗಡ್ಡೆ, ಅಂದರೆ ಸೊರಬ ತಾಲ್ಲೂಕು. ಸೊರಬದ ಆ ಹುಡುಗ ರೈಡಿಗೆ ಬಂದಾಗ ಹನುಮಂತ ಅವನನ್ನು ಸೊಂಟಕ್ಕೆ ಹಿಡಿದೆತ್ತಿ ಗೆರೆಯಾಚೆ ಒಗೆದ. ಹುಡುಗನ ಭುಜದ ಮೂಳೆ ಮುರಿಯಿತು.

ಆಮೇಲೆ ಇಮ್ತಿಯಾಜನನ್ನು ಯಾರೂ ತಿರುಚಲಿಲ್ಲ. ನಾವು ಗೆದ್ದೆವು.

ಪಂದ್ಯದ ಸಮಿತಿಯವರು ಹನುಮಂತನನ್ನು ನಿಲ್ಲಿಸಿ, "ಯಾರು ಹೇಳಿಕೊಟ್ರೋ ನಿಂಗೆ?" ಎಂದರು. ಅವನು ನನ್ನತ್ತ ನೋಡಿದ. ನಾನು ಟವಲನ್ನು ನಾಲ್ಕು ಮಡಿಕೆ ಮಾಡುತ್ತಿದ್ದೆ. "ಶಿಸ್ತಿಲ್ಲದ ಹುಡುಗ ಸಾರ್, ಎಷ್ಟು ಹೇಳಿದ್ರೂ ಕೇಳಲ್ಲ," ಎಂದೆ. ಅವನನ್ನು ಆ ವರ್ಷ ಆಟದಿಂದ ಹೊರಗಿಟ್ಟರು. ಕ್ರೀಡಾ ವಸತಿ ಶಾಲೆಯಲ್ಲಿ ಅವನಿಗೆ ಸಿಗಬೇಕಿದ್ದ ಸೀಟು ತಪ್ಪಿತು. ದಾಖಲೆ ಪುಸ್ತಕದಲ್ಲಿ 'ಅಶಿಸ್ತು' ಎಂದು ದುಂಡಗೆ ಬರೆದವನೂ ನಾನೇ.

ವೃತ್ತಿಪರ ಐಸ್ ಹಾಕಿಯಲ್ಲಿ ಈ ಹೊಡೆದಾಟದಿಂದ ಉಪಯೋಗವಿದೆಯೇ ಎಂಬುದು ಇಲ್ಲಿ ಕಾಫಿ ಅಂಗಡಿಗಳಲ್ಲಿ ಮುಗಿಯದ ವಾದ. ಭಯವಿದ್ದರೆ ಕೋಲಿನಿಂದ ಕದ್ದು ಹೊಡೆಯುವುದು ಕಡಿಮೆ ಎನ್ನುತ್ತಾರೆ ಕೆಲವರು. ಅದು ರೆಫರಿಯ ಕೆಲಸ, ತಲೆಗೆ ಬಿದ್ದ ಏಟು ಮುಪ್ಪಿನಲ್ಲಿ ಲೆಕ್ಕ ಕೇಳುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಗ್ಲೆನ್‌ನನ್ನೇ ಕೇಳಿದೆ.

"ಇತ್ತು ಕೋಚ್, ಉಪಯೋಗ ಇತ್ತು. ನಾನಿದ್ದ ತಂಡದಲ್ಲಿ ನಮ್ಮ ಪುಟಾಣಿ ಆಟಗಾರರನ್ನು ಯಾರೂ ಮುಟ್ತಿರಲಿಲ್ಲ. ಉಪಯೋಗ ಯಾರಿಗೆ ಅಂತ ಕೇಳು. ನನ್ನ ಕೈ ಹೋದ ವರ್ಷ ಇನ್ನೊಬ್ಬನನ್ನ ತಂದ್ರು. ಬೆನ್ನು ತಟ್ಟಿದವನು ಒಂದು ಫೋನೂ ಮಾಡಲಿಲ್ಲ." ಆಮೇಲೆ ನಕ್ಕ. "ನನ್ನ ನಂಬರ್ ಇನ್ನೂ ಅದೇ."

ನನ್ನ ಟವಲು ಉಪಯೋಗಕ್ಕೆ ಬರಲಿಲ್ಲ ಎಂದು ಹೇಳುವ ಹಾಗಿದ್ದರೆ ನನಗೊಂದು ಸಮಾಧಾನವಿರುತ್ತಿತ್ತು. ಬಂತು. ಅದೇ ನನ್ನನ್ನು ತಿನ್ನುವುದು. ಇಮ್ತಿಯಾಜನ ಕಾಲು ಉಳಿಯಿತು, ಗೆದ್ದ ಕಪ್ ಶಾಲೆಯ ಕಪಾಟಿಗೆ ಬಂತು, ನನಗೆ ಶಾಲು ಹೊದಿಸಿದರು. ನಾನು ಕೈಬಿಟ್ಟವನು ಹನುಮಂತ ಒಬ್ಬನೇ.

ಅವನು ಈಗ ಶಿರಾಳಕೊಪ್ಪದಿಂದ ಸೊರಬದ ಮೇಲೆ ಕುಪ್ಪಗಡ್ಡೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ನಿವೃತ್ತಿಯ ನಂತರ ಎಷ್ಟೋ ಸಲ ಆ ಬಸ್ಸು ಹತ್ತಿದ್ದೇನೆ. ಪ್ರತಿ ಸಲವೂ ಯಾರನ್ನಾದರೂ ಎಬ್ಬಿಸಿ, "ಸಾರ್, ಕೂತ್ಕಳ್ರಿ" ಎನ್ನುತ್ತಿದ್ದ. ಪ್ರತಿ ಸಲವೂ ಕೂರುತ್ತಿದ್ದೆ.

ಗ್ಲೆನ್ ಜೊತೆ ಮಾತಾಡಿದ ಮರುದಿನ ಬೆಳಿಗ್ಗೆ ಆರಕ್ಕೆ ಹನುಮಂತನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ ಐದೂವರೆ. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ.

"ಓಹೋ, ಕೆನಡಾ ಸಾರ್! ಬರ್ಫದಾಗೂ ಐದಕ್ಕೇ ಏಳ್ತೀರೇನ್ರಿ?"

ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡಿದ್ದೆ. ಎರಡೇ ಸಾಲು ಓದಲಾಯಿತು.

"ಟವಲ್ ನಂದೇ ಹನುಮಂತ. ನಾನು ಸುಳ್ಳು ಹೇಳ್ದೆ."

ಅವನು ಯಾರಿಗೋ, "ಮುಂದ್ ಹೋಗಮ್ಮ, ಸೀಟೈತಿ," ಎಂದ. ಆಮೇಲೆ, "ಗೊತ್ತಿರೋದೇ ಬಿಡ್ರಿ. ಇದನ್ನ ಹೇಳಾಕೆ ಅಷ್ಟ್ ದೂರ ಹೋಗ್ಬೇಕಿತ್ತೇನ್ರಿ ಸಾರ್? ನನ್ ಬಸ್ಸಲ್ಲೇ ಎಷ್ಟು ವರ್ಷ ಓಡಾಡಿದ್ರಿ."

"ತಪ್ಪಾಯ್ತು ಕಣೋ."

"ನಂಗೆ ಹೇಳಿದ್ರೆ ಏನ್ ಬಂತ್ರಿ? ನಮ್ಮೂರಾಗೆ ಇವತ್ತಿಗೂ ನಾನು ನಮ್ ತಾಲ್ಲೂಕಿನ ಹುಡುಗನ್ ಭುಜ ಮುರಿದವ. ನಿಮ್ಮೂರಾಗೆ ಶಿಸ್ತಿಲ್ಲದವ. ಎರಡೂ ಕಡೆ ದಿನಾ ಬಸ್ ತಗಂಡ್ ಹೋಗ್ತೀನಿ, ಎಲ್ಲೂ ಇಳಿಯಂಗಿಲ್ಲ. ಹೇಳೋದಾದ್ರೆ ಅವ್ರಿಗೆ ಹೇಳ್ರಿ. ಟೈಮಾತು, ಇಡ್ತೀನಿ."

ಫೋನ್ ಇಡುವ ಮೊದಲು ಅವನು ಸೀಟಿ ಊದಿದ. ಇಲ್ಲಿ, ಬಿಸಿಗಾಳಿಯ ಜಾಲರಿಯ ಪಕ್ಕದಲ್ಲಿ, ನನ್ನ ಎರಡೂ ಹಿಮ್ಮಡಿ ಕೂಡಿಕೊಂಡು ಬೆನ್ನು ನೆಟ್ಟಗಾಯಿತು.

ಆದ್ದರಿಂದ ಕುಪ್ಪಗಡ್ಡೆಯವರಿಗೆ, ಶಿರಾಳಕೊಪ್ಪದವರಿಗೆ ಇದನ್ನು ಬರೆದು ಹೇಳುತ್ತಿದ್ದೇನೆ. ಅಂದು ಹನುಮಂತ ಶಿಸ್ತು ಮೀರಲಿಲ್ಲ. ಕಲಿಸಿದ ಶಿಸ್ತನ್ನು ಪಾಲಿಸಿದ. ಸೊರಬದ ಆ ಹುಡುಗನ ಭುಜ ಮುರಿಸಿದವನು ಬೆಂಚಿನ ಮೇಲೆ ಕೂತಿದ್ದ ನಾನು.

ಇದನ್ನು ಓದಿದ ಮೇಲೆ ಅಲ್ಲಿ ನಮಸ್ಕಾರ ಹೇಳುವವರು ಎಷ್ಟು ಜನ ಉಳಿಯುತ್ತಾರೋ ತಿಳಿಯದು. ಇಲ್ಲಿ ಎಲ್ಲವನ್ನೂ ಗ್ಲೆನ್‌ಗೆ ಹೇಳಿದೆ. ಆಮೇಲೂ ಅವನು ಕೋಚ್ ಎಂದೇ ಕರೆಯುತ್ತಾನೆ. ಆ ಹೆಸರಿಗೆ ಓಗೊಡಲು ನನಗೇ ಬಾಯಿ ಬರುವುದಿಲ್ಲ. ಬೇಸಿಗೆಗೆ ಊರಿಗೆ ಟಿಕೆಟ್ ಆಗಿದೆ. ಬಂದ ಮರುದಿನ ಸೊರಬದ ಬಸ್ಸು ಹತ್ತುತ್ತೇನೆ. ಹನುಮಂತ ಸೀಟು ಕೊಟ್ಟರೂ ಕುಪ್ಪಗಡ್ಡೆಯವರೆಗೆ ಕಂಬಿ ಹಿಡಿದು ನಿಂತೇ ಹೋಗುತ್ತೇನೆ.