ವನಜಮ್ಮ ಅಕ್ಕೋರು ಮತ್ತು ಹಳ್ಳದ ಜಿಗಣೆ

ವನಜಮ್ಮ ಅಕ್ಕೋರಿಗೆ ನಾಲ್ಕು ಗೋಡೆಯ ಒಳಗೆ ಕೂತು ಪಾಠ ಹೇಳುವುದು ಒಗ್ಗುತ್ತಿರಲಿಲ್ಲ. ಹುಟ್ಟೂರು ಸೊರಬದ ಕಡೆಯ ಜಡೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡರು. ಅಣ್ಣಂದಿರ ಮನೆಯಲ್ಲಿ ಮೂಲೆ ಹಿಡಿಯುವುದಿಲ್ಲ ಎಂದು ಹಟ ಮಾಡಿ ಟ್ರೈನಿಂಗ್ ಮುಗಿಸಿ, ತೊಗರ್ಸಿಗೆ ಹತ್ತಿರದ ಒಂದು ಪುಟ್ಟ ಊರಿನ ಪ್ರೈಮರಿ ಶಾಲೆಗೆ ಬಂದರು. ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಪುಸ್ತಕದಲ್ಲಿ ಅಚ್ಚಾದ ಕಪ್ಪೆಯನ್ನು ತೋರಿಸಿ "ಇದು ಕಪ್ಪೆ" ಎನ್ನುವುದು ಅವರ ಪಾಲಿಗೆ ಮಕ್ಕಳ ಕಿವಿಗೆ ಹೂವಿಟ್ಟ ಹಾಗೆ. ಕಪ್ಪೆ ಊರ ಮುಂದಿನ ಹೊಂಡದಲ್ಲಿ ವಟಗುಟ್ಟುತ್ತಿರುವಾಗ ಚಿತ್ರ ಯಾಕೆ ಬೇಕು ಎನ್ನುವರು. ಶನಿವಾರದ ಬೆಳಗಿನ ಶಾಲೆ ಬಂತೆಂದರೆ ಸರಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಗದ್ದೆಗೋ, ಕೆರೆಗೋ, ಹುತ್ತ ಇದ್ದ ಕಡೆಗೋ ಹೊರಟುಬಿಡುವರು. ಮುಟ್ಟಿ ನೋಡಬೇಕು, ಮೂಸಿ ನೋಡಬೇಕು, ಆಮೇಲೆ ಬಾಯಿ ಬಿಡಬೇಕು ಎಂಬುದು ಅವರ ಕಟ್ಟಪ್ಪಣೆ. ಹೆಡ್‌ಮಾಸ್ತರು ರಾಜಪ್ಪನವರು ಒಳ್ಳೆಯವರೇ, ಆದರೆ ಪುಕ್ಕಲು. ಸಾಲು ಗೇಟು ದಾಟುವಾಗೆಲ್ಲ ಕಿಟಕಿಯಲ್ಲಿ ನಿಂತು ನಿಟ್ಟುಸಿರು ಬಿಡುವರು.

ಕುರುಬರ ಓಣಿಯಿಂದ ಆ ಶಾಲೆಗೆ ಬಂದ ಮೊದಲ ಹೆಣ್ಣುಮಗಳು ಮಾಳಮ್ಮ. ಅವಳಪ್ಪ ಗುತ್ಯಪ್ಪನಿಗೆ ಕುರಿ ಮಂದೆಯೇ ಆಸ್ತಿ. ಹೆಂಡತಿ ಇಲ್ಲ, ಮಗಳನ್ನು ಸಾಕಿದವಳು ಅವನ ತಾಯಿ ಗುಡ್ಡಮ್ಮ. "ಅಕ್ಷರ ಕಲ್ತು ಕುರೀಗೆ ಓದಿ ಹೇಳ್ಬೇಕಾ?" ಎಂದು ಮುದುಕಿ ಕೊಂಕು ನುಡಿದರೂ ವನಜಮ್ಮ ಗುತ್ಯಪ್ಪನ ಮನೆಯ ಕಟ್ಟೆಗೆ ಬಂದು ಬಂದು ಕೂತು, ಕೊನೆಗೂ ಹುಡುಗಿಯನ್ನು ಶಾಲೆಗೆ ಎಳೆದುಕೊಂಡರು. ಹುಡುಗಿಯೋ, ಬಲು ಚುರುಕು. ಮಿಕ್ಕವರು ಒಂದು ಮಾತು ಕೇಳುವಷ್ಟರಲ್ಲಿ ಇವಳ ಕೈ ಮೇಲೆ. ಅವಳನ್ನು ನೋಡಿ ಓಣಿಯ ಇನ್ನೂ ಕೆಲವು ಮನೆಯವರು, ಬರುವ ವರ್ಷ ನಮ್ಮವಳನ್ನೂ ಕಳಿಸೋಣ ಎನ್ನತೊಡಗಿದ್ದರು.

ಆಣೆ ಹೋಗಿ ನಯಾಪೈಸೆ ಬಂದ ಮರುವರ್ಷ, ಶಿವರಾತ್ರಿ ಕಳೆದು ಹಳ್ಳ ಬತ್ತಿ ಅಲ್ಲಲ್ಲಿ ಗುಂಡಿಯಾಗಿ ನಿಂತಿತ್ತು. ನೀರಿನ ಮೇಲೆ ಓಡಾಡುವ ಹುಳ ಯಾಕೆ ಮುಳುಗುವುದಿಲ್ಲ ಎಂದು ತೋರಿಸಲು ವನಜಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರು. "ನಿಂತು ನೋಡಿದ್ರೆ ಏನೂ ಕಾಣಲ್ಲ. ಹೊಟ್ಟೆ ಮೇಲೆ ಮಲಗ್ರಿ. ಮೂಗು ನೀರಿಗೆ ತಾಗೋ ಹಂಗೆ ಬಗ್ಗಿ ನೋಡ್ರಿ," ಎಂದರು. ಎಲ್ಲರೂ ಮಲಗಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ಮಲಗಿದ್ದವಳು ಮಾಳಮ್ಮ.

ಅದಾಗಿ ಕೆಲವು ವಾರಕ್ಕೆ ಅವಳ ಮೂಗಿನಿಂದ ರಕ್ತ ಸುರಿಯಲು ಶುರುವಾಯಿತು. ಬಿಸಿಲ ಕಾಲ, ಉಷ್ಣ ಎಂದಳು ಗುಡ್ಡಮ್ಮ. ಉಷ್ಣ ಎಂದಿತು ಓಣಿ. ನೆತ್ತಿಗೆ ಹರಳೆಣ್ಣೆ ಒತ್ತಿದರು, ತಲೆಯ ಮೇಲೆ ತಣ್ಣೀರು ಹೊಯ್ದರು, ಚೊಂಬಿನ ಮೇಲೆ ಚೊಂಬು ನೀರು ಕುಡಿಸಿದರು. ವನಜಮ್ಮನವರೇನು ಕಮ್ಮಿ? ಅವರೂ ಅದನ್ನೇ ಹೇಳಿ ಶಾಲೆಯ ಕೊಡದಿಂದ ತಾವೇ ನೀರು ಕೊಟ್ಟರು. ಹುಡುಗಿ ಬಿಳಿಚಿಕೊಳ್ಳುತ್ತ ಬಂದಳು. ಎತ್ತಿದ ಕೈ ಈಗ ಬೇಗ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ತೋರಿಸಲು ವನಜಮ್ಮ ಬೋಗುಣಿಯಲ್ಲಿ ನೀರು ತುಂಬಿಸಿಟ್ಟಿದ್ದರು. ಮಾಳಮ್ಮ ಬಗ್ಗಿ ನೋಡುತ್ತಿದ್ದಾಗ ಪಕ್ಕದ ಹುಡುಗಿ ಕಿಟಾರನೆ ಕಿರುಚಿದಳು. "ಅಕ್ಕೋರೇ, ಇವಳ ಮೂಗ್ನಾಗ ಹಾವಿನ ಮರಿ!"

ವನಜಮ್ಮ ನೋಡಿದರು. ಮೂಗಿನ ಹೊಳ್ಳೆಯಿಂದ ಕಪ್ಪು ಕಂದು ಬಣ್ಣದ ತುದಿಯೊಂದು ಹೊರಗೆ ಚಾಚಿ ನೀರನ್ನು ತಡಕುತ್ತಿತ್ತು. ಜಿಗಣೆ. ಅವರು ತಟ್ಟನೆ ಕೈ ಹಾಕಿದರು, ಹಿಂದೆಮುಂದೆ ನೋಡಲಿಲ್ಲ. ಅದು ಬೆರಳಲ್ಲಿ ಜಾರಿ ಸರ್ರನೆ ಒಳಗೆ ಸೇರಿತು, ಜೊತೆಗೆ ರಕ್ತ ಧಾರೆ ಕಟ್ಟಿತು.

ಸೆರಗಿನಿಂದ ಮೂಗು ಒತ್ತಿ ಹಿಡಿದಾಗ ಅವರಿಗೆ ಎಲ್ಲ ಹೊಳೆಯಿತು. ಹಳ್ಳದ ಗುಂಡಿ, ಹೊಟ್ಟೆಯ ಮೇಲೆ ಮಲಗಿದ ಮಕ್ಕಳು, ಮೂಗು ತಾಗಿಸಿ ಎಂದ ತಮ್ಮದೇ ದನಿ. ಶಿಕಾರಿಪುರದ ಆಸ್ಪತ್ರೆಗೆ ಹೋಗೋಣವೆಂದರೆ ಆ ಹೊತ್ತಿನ ಬಸ್ಸು ಹೋಗಿಯಾಗಿತ್ತು. ಹುಡುಗಿಯ ತುಟಿ ಸುಣ್ಣದ ಹಾಗಿತ್ತು. ನಾಳೆಯವರೆಗೆ ಹೀಗೇ ಸುರಿದರೆ ಏನು ಗತಿ?

"ಅಕ್ಕೋರೇ, ಹಳ್ಳದ ಸುದ್ದಿ ಯಾರ ಹತ್ರಾನೂ ಎತ್ತಬೇಡ್ರಿ," ಎಂದರು ಗದ್ದಲ ಕೇಳಿ ಬಂದ ರಾಜಪ್ಪನವರು ಮೆಲ್ಲಗೆ. ವನಜಮ್ಮ ಅವರನ್ನು ಒಮ್ಮೆ ಉರಿಗಣ್ಣಿನಿಂದ ನೋಡಿ, ಹುಡುಗಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಓಣಿಯ ಕಡೆ ನಡೆದರು.

ಗುತ್ಯಪ್ಪ ಕಟ್ಟೆಯ ಮೇಲೆ ಕೂತು ಚಿಮಟದಲ್ಲಿ ಕುರಿಯ ಗೊರಸಿನ ಮುಳ್ಳು ತೆಗೆಯುತ್ತಿದ್ದ. ವನಜಮ್ಮ ಸುತ್ತಿ ಬಳಸಲಿಲ್ಲ. "ಇದು ಉಷ್ಣ ಅಲ್ಲ ಗುತ್ಯಪ್ಪ. ಮೂಗಲ್ಲಿ ಜಿಗಣೆ ಇದೆ. ಹಳ್ಳಕ್ಕೆ ಕರ್ಕೊಂಡು ಹೋಗಿ ನೀರಿಗೆ ಮೂಗಿಡಿಸಿದವಳು ನಾನೇ."

ಗುಡ್ಡಮ್ಮ ಎದೆ ಬಡಿದುಕೊಂಡಳು. "ಪಾಠ ಕಲಿಸ್ತೀನಿ ಅಂತ ಹೇಳಿ ನನ್ನ ಕೂಸಿನ ರಕ್ತ ಕುಡಿಸಿದೆಲ್ಲವ್ವಾ ತಾಯೀ!" ಗುತ್ಯಪ್ಪ ಕುರಿಯ ಕಾಲು ಬಿಟ್ಟು ಮಗಳನ್ನು ಎತ್ತಿಕೊಂಡ. ಬೈದಿದ್ದರೆ ವಾಸಿಯಿತ್ತು.

"ಅದು ನೀರಿನ ಆಸೆಗೆ ಹೊರಗೆ ಬರುತ್ತೆ. ಇಷ್ಟು ದಿವಸ ನಾವು ನೀರು ಕುಡಿಸಿ ಕುಡಿಸಿ ಅದನ್ನ ಸಾಕಿದ್ವಿ. ಹೊತ್ತು ಇಳಿಯೋ ತನಕ ಹುಡುಗಿಗೆ ಒಂದು ಹನಿ ನೀರೂ ಕೊಡೋದು ಬೇಡ. ಆಮೇಲೆ ಮೂಗಿನ ಮುಂದೆ ನೀರಿಡೋಣ," ಎಂದರು ವನಜಮ್ಮ. ಹೇಳಿದ್ದೇನೋ ಗಟ್ಟಿಯಾಗಿಯೇ. ಬೋಗುಣಿಯ ಮುಂದೆ ಅದು ತಲೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದರು, ಅಷ್ಟೇ. ಅದನ್ನು ಬಿಟ್ಟು ಬೇರೇನೂ ಅವರಿಗೆ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಉದ್ದವಾಯಿತು. ಹುಡುಗಿಯನ್ನು ಒಳಗೆ ಮಲಗಿಸಿದರು. ಹೊರಗೆ ಬಿಸಿಲು, ಒಳಗೆ ಒಲೆಯ ಹೊಗೆ. ಹುಡುಗಿ ಮೊದಲು ಸುಮ್ಮನಿದ್ದಳು, ಆಮೇಲೆ "ನೀರು ಅಜ್ಜೀ, ಒಂದು ಗುಟುಕು" ಎಂದು ಗೋಗರೆದಳು, ಆಮೇಲೆ ಕೇಳುವುದನ್ನೂ ಬಿಟ್ಟಳು. ಗುಡ್ಡಮ್ಮ ತಡೆಯಲಾಗದೆ ಚೊಂಬು ಹಿಡಿದು ಬಂದಳು. ವನಜಮ್ಮ ಎದ್ದು ಅಡ್ಡ ನಿಂತರು.

"ದಾರಿ ಬಿಡು. ನೀನೇನು ಹೆತ್ತವಳಾ?"

"ಅಲ್ಲ. ನೀರು ಕೊಟ್ಟರೆ ಅದು ಹೊರಗೆ ಬರಲ್ಲ."

ಮುದುಕಿ ಮಗನ ಮುಖ ನೋಡಿದಳು. ಗುತ್ಯಪ್ಪ ಎದ್ದು ಬಂದು ಚೊಂಬನ್ನು ಇಸಿದುಕೊಂಡು ಬಾಗಿಲಾಚೆ ಚೆಲ್ಲಿದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹೊತ್ತು ಇಳಿದಾಗ ಕಟ್ಟೆಯ ಮೇಲೆ ಅಗಲ ಬಾಯಿಯ ಬಟ್ಟಲಿಟ್ಟು ತಣ್ಣೀರು ತುಂಬಿದರು. ಮಾಳಮ್ಮ ಮಂಡಿಯೂರಿ ಬಗ್ಗಿದಳು. ಕಣ್ಣೆದುರು ನೀರು, ಬಾಯಿ ಒಣಗಿದೆ, ಕುಡಿಯುವಂತಿಲ್ಲ. "ಅಲ್ಲಾಡಬೇಡ ಮಗಾ, ಜೋರಾಗಿ ಉಸಿರೂ ಬಿಡಬೇಡ," ಎಂದರು ವನಜಮ್ಮ. ಗುತ್ಯಪ್ಪ ಚಿಮಟ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕುರಿಯ ಕಾಲಿಂದ ಎಂಥ ಮುಳ್ಳನ್ನೂ ಕೀಳುವವನು, ಚಿಮಟವನ್ನು ಪಂಚೆಗೆ ಎರಡೆರಡು ಸಲ ಒರೆಸಿಕೊಂಡ.

ತುದಿ ಕಂಡಿತು. ಗುತ್ಯಪ್ಪನ ಕೈ ಮುಂದೆ ಹೋಯಿತು. ವನಜಮ್ಮ ಅವನ ಮಣಿಕಟ್ಟು ಹಿಡಿದುಬಿಟ್ಟರು. ಓಣಿಯವರೆಲ್ಲ ನೋಡುತ್ತಿದ್ದರು, ವಿಧವೆ ಅಕ್ಕೋರು ಪರಪುರುಷನ ಕೈ ಹಿಡಿದಿದ್ದು ಆಮೇಲೆ ತಿಂಗಳುಗಟ್ಟಲೆ ಮಾತಾಯಿತು. ಆಗ ಅವರಿಗೆ ಅದರ ಪರಿವೆಯೇ ಇರಲಿಲ್ಲ. "ಈಗ್ಲೇ ಬೇಡ," ಎಂದು ಪಿಸುಗುಟ್ಟಿದರು. ತುದಿ ಒಳಗೆ ಹೋಯಿತು. ಗುಡ್ಡಮ್ಮ ಶಾಪ ಹಾಕಿದಳು. ಮತ್ತೆ ಬಂತು, ನೀರು ಮುಟ್ಟಿತು, ಮತ್ತೆ ಒಳಗೆ. ಹುಡುಗಿಯ ಕಣ್ಣಿಂದ ನೀರು ಬಟ್ಟಲಿಗೆ ತೊಟ್ಟಿಕ್ಕಿತು, ತಲೆ ಮಾತ್ರ ಅಲ್ಲಾಡಲಿಲ್ಲ. ಮತ್ತೆ ಬಂದಾಗ ಅದು ಬೆರಳಿನ ಗಿಣ್ಣಿನಷ್ಟು ಹೊರಗೆ ಚಾಚಿ, ನೀರಿನಲ್ಲಿ ಮೈ ಸಡಿಲಿಸಿತು.

"ಈಗ! ಮೆಲ್ಲಗೆ, ಜಗ್ಗಬೇಡ!"

ಚಿಮಟ ಕಚ್ಚಿತು. ಗುತ್ಯಪ್ಪ ಉಸಿರು ಹಿಡಿದು ಎಳೆದ. ಅದು ಉದ್ದವಾಯಿತು, ಇನ್ನೂ ಉದ್ದವಾಯಿತು, ಆಮೇಲೆ ಲೊಚಕ್ಕೆಂದು ಕಳಚಿ ಬಟ್ಟಲಿಗೆ ಬಿದ್ದು ನೀರನ್ನು ಕೆಂಪಾಗಿಸಿತು. ಮಾಳಮ್ಮ ಅಜ್ಜಿಯ ಮಡಿಲಿಗೆ ಒರಗಿದಳು. ಕುಡಿಯಲು ಕೊಟ್ಟ ನೀರನ್ನು ಗಟಗಟ ಕುಡಿದಳು. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

ವನಜಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಗುತ್ಯಪ್ಪ ಚಿಮಟ ಒರೆಸುತ್ತ ಆ ದಿನದ ಮೊದಲ ಮಾತಾಡಿದ. "ನೀವೇ ಹತ್ತಿಸಿದ್ರಿ ಅಕ್ಕೋರೇ, ನೀವೇ ನಿಂತು ತೆಗೆಸಿದ್ರಿ. ನಿಮ್ಮ ಮ್ಯಾಲೆ ನನಗೆ ಸಿಟ್ಟಿಲ್ಲ. ಆದ್ರ ಹುಡುಗಿ ಇನ್ನ ಸಾಲಿಗೆ ಬರಾದಿಲ್ಲ. ಕುರಿ ಹಿಂದೆ ಹೋಗ್ತಾಳ."

ಬಾಯಿಮಾತಿನಲ್ಲಿ ಯಾರನ್ನಾದರೂ ಸೋಲಿಸುವ ವನಜಮ್ಮ ಅಂದು ರಕ್ತ ಹತ್ತಿದ ಸೆರಗು ಸುತ್ತಿಕೊಂಡು ಎದ್ದು ಹೊರಟರು. ಮರುದಿನದಿಂದ ಮಾಳಮ್ಮನ ಜಾಗ ಖಾಲಿ. ಓಣಿಯವರೂ ತಮ್ಮ ಹುಡುಗಿಯರ ಮಾತೆತ್ತಲಿಲ್ಲ. ರಾಜಪ್ಪನವರು ಇನ್ನು ಹೊರಗೆ ಹೋಗುವುದು ಸಾಕು ಎಂದರು, ಊರಿನ ಕೆಲವರೂ ನಮ್ಮ ಮಕ್ಕಳನ್ನು ಎಲ್ಲಿಗೂ ಕರೆದೊಯ್ಯಬೇಡಿ ಎಂದರು. ವನಜಮ್ಮನ ಮನಸ್ಸು ಕುಗ್ಗಿತ್ತು, ನಿಜ. ಆದರೂ ಶನಿವಾರ ಬಂದಾಗ ಉಳಿದ ಮಕ್ಕಳನ್ನು ಸಾಲು ನಿಲ್ಲಿಸಿದರು. ಕಿಟಕಿಯಲ್ಲಿ ನಿಂತ ರಾಜಪ್ಪನವರಿಗೆ, "ಇವತ್ತು ಕುರಿ ಪಾಠ" ಎಂದು ಕೂಗಿ ಹೇಳಿ ಗುಡ್ಡದ ಮೇಲಿನ ಬೋಳು ಬಯಲಿಗೆ ನಡೆದರು.

ಗುತ್ಯಪ್ಪನ ಮಂದೆ ಅಲ್ಲಿ ಮರವೊಂದರ ನೆರಳಿಗೆ ಮಲಗಿ ಮೆಲುಕು ಹಾಕುತ್ತಿತ್ತು. ಅವನು ಕಂಬಳಿ ಹೆಗಲಿಗೇರಿಸಿ ಎದ್ದು ನಿಂತ. ದೂರದಲ್ಲಿ ಮಾಳಮ್ಮ ಕೋಲು ಹಿಡಿದಿದ್ದಳು. ವನಜಮ್ಮ ಅಪ್ಪನನ್ನೂ ಮಾತಾಡಿಸಲಿಲ್ಲ, ಮಗಳನ್ನೂ ಕರೆಯಲಿಲ್ಲ. ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಗಂಟಲು ಸರಿಮಾಡಿಕೊಂಡು ಕೇಳಿದರು:

"ಕುರಿ ಏನೂ ಮೇಯ್ತಾ ಇಲ್ಲ. ಆದ್ರೂ ಬಾಯಿ ಆಡಿಸ್ತಾ ಇದೆ. ಯಾಕೆ?"

ಮಕ್ಕಳು ಮುಖ ಮುಖ ನೋಡಿಕೊಂಡರು. ಮಂದೆಯ ಆಚೆಯಿಂದ ಒಂದು ಕೈ ಮೇಲೆದ್ದಿತು. ಕುರಿಗಳ ನಡುವೆ ಒಂಟಿಯಾಗಿ ನಿಂತು, ಇನ್ನೊಂದು ಕೈಯಲ್ಲಿ ಕೋಲು ಹಿಡಿದೇ, ಮಾಳಮ್ಮ ಅಪ್ಪಣೆಗೆ ಕಾದಿದ್ದಳು. ಗುತ್ಯಪ್ಪ ಆ ಕೈಯನ್ನು ನೋಡಿದ. ಅವಳು ಇಳಿಸಲಿಲ್ಲ. ವನಜಮ್ಮನಿಗೆ ಕರೆಯಲೂ ಹೆದರಿಕೆ, ಕರೆಯದಿರಲೂ ಹೆದರಿಕೆ.

ಗುತ್ಯಪ್ಪ ಕುರಿಗಳನ್ನು ದಾಟಿಕೊಂಡು ಮಗಳ ಹತ್ತಿರ ಹೋದ. ಅವಳ ಕೈಯಿಂದ ಕೋಲು ತೆಗೆದುಕೊಂಡ.

"ಹೋಗು," ಎಂದ. "ಅವರ ಕೂಡ ಕುಂದ್ರು."